ಗುಣದ ಕಡೆ ಖಾಲಿ

ಸರ್ ಅವರ ಬಲಗೈ ತೋರುಬೆರಳು ಸೊಟ್ಟ. ಎಂದೋ ಚೆಂಡು ಬಡಿದು ಹಾಗಾದದ್ದು. ಆ ಬೆರಳಿನಿಂದಲೇ ಅವರು ನಮ್ಮ ಬೂಟಿನ ಅಟ್ಟೆ ಸವರಿ ನೋಡುತ್ತಿದ್ದರು. ಹಿಮ್ಮಡಿ ಸವೆದಿದ್ದರೆ ಬೈಗುಳ ಖಚಿತ: "ಕಂಬದಂಗ ನಿಂತು ಆಡೀಯಲ್ಲ!" ಮುಂಗಾಲಿನ ಒಳಅಂಚು ಸವೆದಿದ್ದರೆ ಮಂಡಿ ಬಗ್ಗಿಸಿ ಎದುರಾಳಿಯನ್ನು ತಡೆದಿದ್ದಾಳೆ ಎಂದು ಅರ್ಥ. ಆಗ "ಹೂಂ" ಅನ್ನುವರು, ಅಷ್ಟೇ.

ವಿಜಯಪುರದ ಕಡೆಯವರು. ಹಗಲು ಕಚೇರಿಯಲ್ಲಿ ಗುಮಾಸ್ತರು, ಸಂಜೆ ಶಿವಾಜಿನಗರದ ಮೈದಾನದಲ್ಲಿ ನಮಗೆ ಬಾಸ್ಕೆಟ್‌ಬಾಲ್ ಕಲಿಸುವರು. ಅದು ಮರಾಠಿ ಊರು; ಎಲ್ಲರೊಡನೆ ಮರಾಠಿ, ಕನ್ನಡದ ಮನೆಯವಳಾದ ನನ್ನೊಡನೆ ಮಾತ್ರ ಕನ್ನಡ. "ಏ ಹುಚ್ಚಿ, ಚೆಂಡಲ್ಲ, ಅಕಿ ಟೊಂಕ ನೋಡು, ಅದು ಮೋಸ ಮಾಡೂದಿಲ್ಲ!" ಕನ್ನಡದಲ್ಲಿ ಬೈಸಿಕೊಳ್ಳುವ ಹಕ್ಕು ನನ್ನೊಬ್ಬಳದೆಂದು ಎಷ್ಟು ಬೀಗುತ್ತಿದ್ದೆ!

ಆಮೇಲೆ ಶಿರೂರಿನಿಂದ ಬಸ್ಸಿನಲ್ಲಿ ಒಬ್ಬಳು ಬರತೊಡಗಿದಳು. ನನ್ನಂತೆಯೇ ಚೆಂಡು ನಡೆಸುವ ಗಾರ್ಡ್, ನನಗಿಂತ ಎರಡು ವರ್ಷ ಚಿಕ್ಕವಳು. ಮೂರನೇ ವಾರಕ್ಕೇ ಸರ್ ಅವಳನ್ನೂ "ಏ ಹುಚ್ಚಿ" ಅಂದರು. ಅರ್ಥವಾಗದಿದ್ದರೂ ಅವಳು ಹಲ್ಲು ಕಿರಿದಳು. ನನಗೆ ಮೈಯೆಲ್ಲ ಉರಿಯಿತು.

ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂತು. ನಮ್ಮಿಂದ ಒಬ್ಬಳೇ ಗಾರ್ಡ್ ಹೋಗಬಹುದಿತ್ತು. ಆಗಲೇ ಸರ್ ನನ್ನ ಕೈಗೆ ನಡುವೆ ಗೆರೆ ಎಳೆದ ಹಾಳೆ ಕೊಟ್ಟರು. "ಆ ಪೋರಿ ಡಿಫೆನ್ಸ್ ನೋಡಿ ಗುಣ-ದೋಷ ಬರಿ. ತಡಿಯೋದು ಕಲೀಬೇಕಂದ್ರ ಮದಲ ನೋಡೋದು ಕಲಿ."

ಅವಳಿಗೆ ಓದಲು ಬಾರದಿರಲೆಂದು ಕನ್ನಡದಲ್ಲಿ ಬರೆದೆ. ಎಡಕ್ಕೆ ಸರಿಯುವಾಗ ತನ್ನ ಕಾಲಿಗೇ ಕಾಲು ಅಡ್ಡ ಹಾಕುತ್ತಾಳೆ. ಹುಸಿ ಹೆಜ್ಜೆಗೆ ಮೋಸ ಹೋಗುತ್ತಾಳೆ. ದಣಿದರೆ ಕೈ ಇಳಿಸುತ್ತಾಳೆ. ಗುಣದ ಕಡೆ ಖಾಲಿ ಬಿಟ್ಟೆ. ಗುಣ ಕಂಡಿರಲಿಲ್ಲವೆ? ಕಂಡಿತ್ತು, ಅದಕ್ಕೇ ಬಿಟ್ಟೆ.

ಸರ್ ಎರಡು ಸಲ ಓದಿದರು. "ಹೊಟ್ಟಿಕಿಚ್ಚಿಲೆ ಬರದಿ. ಆದ್ರ ಒಂದೂ ಸುಳ್ಳಿಲ್ಲ. ನಿನ್ನ ಹೆಸರು ಹೇಳೂದಿಲ್ಲ, ಅಂಜಬ್ಯಾಡ. ಈ ಖಾಲಿ ಕಡಿ ಮಾತ್ರ ನಾ ತುಂಬೂದಿಲ್ಲ. ಯಾವಾಗರೆ ನೀನ ತುಂಬಬೇಕು."

ನಾನು ಎಣಿಸಿರದ ಕೆಲಸವನ್ನು ಅವರು ಮಾಡಿದರು. ಎಲ್ಲವನ್ನೂ ಮರಾಠಿಗೆ ತಿರುಗಿಸಿ, ತಮ್ಮ ಕೈಯಲ್ಲೇ ಬರೆದು ಅವಳಿಗೆ ಕೊಟ್ಟರು. ಅವಳು ಸಂಜೆಗೊಂದರಂತೆ ತಿದ್ದಿಕೊಂಡಳು. ಆಯ್ಕೆಯ ದಿನ ನಾನು ಬೇಕೆಂದೇ ಅವಳ ಎಡಗಡೆಯಿಂದ ನುಗ್ಗಿದೆ. ಕಾಲು ಅಡ್ಡ ಬರಲಿಲ್ಲ, ನನ್ನ ಕೈಯ ಚೆಂಡು ಅವಳ ಕೈಯಲ್ಲಿತ್ತು. ಆಯ್ಕೆಯಾದವಳು ಅವಳೇ.

ಹೋದ ವರ್ಷ ಸರ್ ತೀರಿಕೊಂಡರು. ಮೈದಾನದಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ಅವಳೂ ಬಂದಿದ್ದಳು, ಈಗ ರಾಜ್ಯ ತಂಡದ ಆಟಗಾರ್ತಿ. ಎಲ್ಲರ ಕಣ್ಣೂ ಅವಳ ಮೇಲೆ. ನನ್ನ ಪಕ್ಕ ಕೂತು ಸರ್ ಬರೆದುಕೊಟ್ಟಿದ್ದ, ಮಡಿಕೆಯಲ್ಲಿ ಹರಿದ ಹಾಳೆ ತೆಗೆದಳು. "ನನ್ನ ಡಿಫೆನ್ಸ್ ಪೂರ್ತಿ ಇದರಿಂದಲೇ ಬಂದದ್ದು, ತಾಯಿ" ಎಂದು ಮರಾಠಿಯಲ್ಲಿ ಹೇಳಿದಳು. ಮರಾಠಿಯಲ್ಲಿ ಅಕ್ಕನಿಗೆ ತಾಯಿ ಅನ್ನುತ್ತಾರೆ. "ಆದರೆ ನೋಡು, ಗುಣದ ಕಡೆ ಏನೂ ಇಲ್ಲ. ಸರ್‌ಗೆ ನನ್ನಲ್ಲಿ ಒಂದೂ ಕಾಣಲಿಲ್ಲ."

ಅದು ನಾನು ಬರೆದದ್ದು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

"ನನ್ನ ಹತ್ತಿರ ಹೇಳಿದ್ದರು" ಅಂದೆ. "ಕೈ ಭಾರಿ ಚುರುಕು. ತನಗಿಂತ ಗೇಣು ಎತ್ತರದವರಿಗೂ ಎದೆಗೊಟ್ಟು ನಿಲ್ಲುತ್ತಾಳೆ. ಒಮ್ಮೆ ಬೆನ್ನು ಹತ್ತಿದರೆ ಬಿಡುವವಳಲ್ಲ."

ಅವಳು ಸರ್ ಅವರ ಫೋಟೋ ನೋಡುತ್ತ ಬಿಕ್ಕಿಬಿಕ್ಕಿ ಅತ್ತಳು. ಆ ಅಳುವಿನಲ್ಲಿ ನನ್ನ ಪಾಲು ಒಂದು ಹನಿಯೂ ಇರಲಿಲ್ಲ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ? ಆದರೂ ಪೆನ್ನು ಕೊಟ್ಟೆ, ಆ ಖಾಲಿ ಕಡೆ ಬರೆದುಕೋ ಅಂದೆ.