ವಿಮಾನದ ಬಾಲಕ್ಕೊಂದು ದೀಪ

ವಿಮಾನದಲ್ಲಿ ನಾನು ಈವರೆಗೆ ಕುಳಿತದ್ದಿಲ್ಲ. ಆದರೆ ಒಂದು ವಿಮಾನದ ಬಾಲಕ್ಕೆ ದೀಪ ಹಾಕಿದ್ದೇನೆ. ಮದುವೆಯ ಊಟದ ಸಾಲಿನಲ್ಲಿ ಪಕ್ಕದವರು ಸಿಂಗಾಪುರ, ದುಬಾಯಿ ಎಂದು ತಮ್ಮ ಪ್ರಯಾಣದ ಸುದ್ದಿ ತೆಗೆದಾಗ, ಸಾರು ಬರುವ ಹೊತ್ತಿಗೆ ನಾನು ಈ ಮಾತನ್ನು ಮೆಲ್ಲನೆ ಹೇಳುತ್ತೇನೆ. ಪಾಯಸ ಬರುವವರೆಗೂ ಮತ್ತೆ ಯಾರೂ ಸಿಂಗಾಪುರದ ಹೆಸರೆತ್ತುವುದಿಲ್ಲ.

ಹೇಳಿದ್ದು ಜಂಭವೇ ಹೌದು, ಆದರೆ ಸುಳ್ಳಲ್ಲ. ನಾನು ಕನ್ನಡ ಟೀಚರಾಗಿದ್ದವಳು. ಸಂಧಿ ಬಿಡಿಸಿದ್ದೇನೆ, ಸಮಾಸ ಬಿಡಿಸಿದ್ದೇನೆ, ಜಗಳವಾಡುವ ಮಕ್ಕಳನ್ನು ಬಿಡಿಸಿದ್ದೇನೆ. ಸ್ಕ್ರೂ ಒಂದನ್ನು ಮಾತ್ರ ಬಿಡಿಸಿದವಳಲ್ಲ. ನಮ್ಮ ಯಜಮಾನರು ವೆಂಕಟರಮಣರದು ಬೇರೆಯೇ ಲೋಕ. ಪುತ್ತೂರು ಕಡೆಯ ಪೆರಾಬೆಯಲ್ಲಿ ಹುಟ್ಟಿದ ಇವರು ಬೆಂಗಳೂರಿನ ವಿಮಾನ ತರಬೇತಿ ಶಾಲೆಯೊಂದರಲ್ಲಿ ಸಣ್ಣ ವಿಮಾನಗಳನ್ನು ದುರಸ್ತಿ ಮಾಡುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರು. ಇಬ್ಬರಿಗೂ ನಿವೃತ್ತಿಯಾದ ಮೇಲೆ ಊರ ಕಡೆ ಬಂದು ಕುಂಬ್ರದ ಪೇಟೆಯ ಹತ್ತಿರ ಒಂದು ಸಣ್ಣ ತಾರಸಿ ಮನೆಯಲ್ಲಿ ನೆಲೆಯೂರಿದೆವು. ಇವರು ಅಂಗಡಿಯ ಮಿಕ್ಸಿ, ಪಕ್ಕದ ಮನೆಯ ಪಂಪು ಎಂದು ರಿಪೇರಿ ಮಾಡುತ್ತ ಕಾಲ ಕಳೆಯುತ್ತಿದ್ದಾಗ ಸುಳ್ಯದ ಕಡೆಯ ಕಾಲೇಜೊಂದರಿಂದ ಕರೆ ಬಂತು. ಅಲ್ಲಿ ಮಕ್ಕಳ ಕಲಿಕೆಗೆಂದು ತಂದ ಎರಡು ಸೀಟಿನ ಹಳೆಯ ವಿಮಾನವೊಂದು ಶೆಡ್ಡಿನಲ್ಲಿತ್ತು. ವಾರಕ್ಕೊಮ್ಮೆ ಬಂದು ಅದರ ಅಂಗಾಂಗ ಪರಿಚಯ ಮಾಡಿಸಬೇಕಂತೆ.

ಆ ವಿಮಾನ ಹಾರುವುದಿಲ್ಲ. ಇಂಜಿನ್ ಚಾಲೂ ಆಗುತ್ತದೆ, ಮೂಗಿನ ಪಂಖ ತಿರುಗುತ್ತದೆ, ಅಷ್ಟೇ. ಆದರೆ ಇವರು ಅದನ್ನು ನಾಳೆ ಬೆಳಿಗ್ಗೆ ಯಾರೋ ಹಾರಿಸಲಿದ್ದಾರೆ ಎಂಬಂತೆಯೇ ನೋಡಿಕೊಂಡರು. ಮಂಗಳವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಚೀಲ, ಬೆಳಗಿನ ಬಸ್ಸು. ಉಳಿದ ಆರು ದಿನ ಮಂಗಳವಾರದ ಸುದ್ದಿ.

ಒಂದು ಸಂಜೆ ಹಿಂತಿರುಗಿದವರು ಚಪ್ಪಲಿ ಬಿಡುವ ಮೊದಲೇ ಹೇಳಿದರು, “ಬೀಕನ್ ಹೋಯ್ತು ಮಾರಾಯ್ತಿ.”

ಧ್ವನಿ ಕೇಳಿ ನಾನು ಯಾರೋ ಪರಿಚಯದವರೇ ಹೋದರೆಂದು ತಿಳಿದು ಕೈಯ ಸೌಟು ಕೆಳಗಿಟ್ಟೆ. ವಿಮಾನದ ಬಾಲದ ತುದಿಯಲ್ಲಿ ಮಿನುಗುವ ಕೆಂಪು ದೀಪದ ಹೆಸರು ಅದು ಎಂದು ಆಮೇಲೆ ತಿಳಿಯಿತು. ಕನ್ನಡದಲ್ಲಿ ಹೆಸರಿಲ್ಲದ ವಸ್ತು ಮನೆಯೊಳಗೆ ಬಂದರೆ ನನಗೆ ಸಮಾಧಾನವಿಲ್ಲ.

“ದಾರಿದೀಪ ಅಂತ ಹೇಳಬಹುದಲ್ಲ?” ಎಂದೆ.

“ದಾರಿ ತೋರ್ಸುದೇ ಇಲ್ಲ ಅದು. ಒಳಗೆ ಕೂತ ಪೈಲಟಿಗೆ ಅದು ಕಾಣುದೂ ಇಲ್ಲ.”

“ಮತ್ತೆ ಎಂತಕ್ಕೆ?”

“ಬೇರೆಯವರಿಗೆ. ಇಲ್ಲೊಂದು ವಿಮಾನ ಉಂಟು, ಇಂಜಿನ್ ಈಗ ತಿರುಗ್ತದೆ, ದೂರ ನಿಲ್ಲಿ ಅಂತ ಹೇಳ್ಲಿಕ್ಕೆ. ಅದು ಉರಿಯದೆ ನಾನು ಇಂಜಿನ್ ಚಾಲೂ ಮಾಡ್ಲಿಕ್ಕೆ ಬಿಡುದಿಲ್ಲ.”

ನಾನು ಅದಕ್ಕೆ ‘ಉಂಟುದೀಪ’ ಎಂದು ಹೆಸರಿಟ್ಟೆ. ಇವರು ಒಪ್ಪಲಿಲ್ಲ, ಬೇಡವೆಂದೂ ಹೇಳಲಿಲ್ಲ. ದೀಪದ ವಿಷಯದಲ್ಲಿ ನಮ್ಮ ಭಾಷೆಗೆ ಮೊದಲಿನಿಂದಲೂ ಒಂದು ಸಂಕೋಚ. ಆರಿಸು ಎನ್ನಲು ಬಾಯಿ ಬಾರದೆ, ದೀಪ ದೊಡ್ಡದು ಮಾಡು ಎನ್ನುತ್ತಿದ್ದ ಅಜ್ಜಿಯಂದಿರು ನಮಗೆಲ್ಲ ಇದ್ದರು. ಆರಿದ್ದನ್ನೂ ಬೆಳೆದದ್ದೆಂದು ಹೇಳುವ ಈ ಸೌಜನ್ಯವನ್ನು ನಾನು ತರಗತಿಯಲ್ಲಿ ಎಷ್ಟು ಹೊಗಳಿದ್ದೇನೋ. ಮನೆಯಲ್ಲಿ ಅದೇ ಸೌಜನ್ಯ ಎಷ್ಟು ಬೇಡದ ಕಡೆ ನುಗ್ಗಬಹುದೆಂದು ಆಗ ಯೋಚಿಸಿರಲಿಲ್ಲ.

ಏಕೆಂದರೆ ನಮ್ಮ ಮನೆಯಲ್ಲಿ ಹೆಸರಿಡದ ಇನ್ನೊಂದು ಸಂಗತಿಯೂ ಇತ್ತು. ಕೆಲವು ತಿಂಗಳಿಂದ ಇವರ ಬಲಗೈ ನಡುಗುತ್ತಿತ್ತು. ಮೊದಲು ಹೆಬ್ಬೆರಳು, ಆಮೇಲೆ ಅಂಗೈ. ಅಂಗಿಯ ಗುಂಡಿ ಹಾಕಲು ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಹೊರಗೆ ಹೋದರೆ ಕೈ ಜೇಬಿನಲ್ಲಿ, ಕಾಫಿ ಚೆಲ್ಲಿದರೆ ಅದರ ಮೇಲೆ ಪೇಪರ್. ಕೇಳಿದರೆ ‘ಬಿಪಿ ಮಾತ್ರೆಯ ಉಷ್ಣ’ ಎನ್ನುತ್ತಿದ್ದರು. ನಾನೂ ‘ಎಳನೀರು ಕುಡೀರಿ’ ಎಂದು ಸುಮ್ಮನಾಗುತ್ತಿದ್ದೆ. ಯಾವಾಗ ಹೊರಡುತ್ತೀರಿ ಎಂದು ಕೇಳಲಾಗದ ನೆಂಟರನ್ನು ನೋಡಿಕೊಳ್ಳುವ ಹಾಗೆ ಇಬ್ಬರೂ ಆ ನಡುಕವನ್ನು ನೋಡಿಕೊಂಡಿದ್ದೆವು.

ಹಳೆಯ ದೀಪದೊಳಗೆ ಕನ್ನಡಿಯನ್ನು ತಿರುಗಿಸುವ ಸಣ್ಣ ಮೋಟರಿತ್ತಂತೆ. ಅದು ಸುಟ್ಟುಹೋಗಿತ್ತು, ಬಿಡಿಭಾಗ ಈಗ ಸಿಗುವುದಿಲ್ಲ. ಹಾಗಾಗಿ ಕಾಲೇಜಿನವರು ತಾನೇ ಮಿನುಗುವ ಎಲ್‌ಇಡಿಯ ಹೊಸ ದೀಪವನ್ನೇ ತರಿಸಿದರು. ಇವರು ಅದನ್ನು ಪರೀಕ್ಷಿಸಬೇಕೆಂದು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟರು. ದೊಡ್ಡ ಗುಲಾಬ್ ಜಾಮೂನಿನಂತೆ ಕೆಂಪಗೆ, ಉರುಟಾಗಿ, ಚೆಂದವೇ ಇತ್ತು.

“ಸುಮಿತ್ರಾ, ಈ ಗಾಜಿನ ಮುಚ್ಚಳ ತೆಗೆದು ಹಾಕು ನೋಡುವಾ. ನನ್ನ ಕನ್ನಡಕ ಯಾಕೋ ಸರಿ ಇಲ್ಲ.”

ತೆಗೆದೆ, ಹಾಕಿದೆ.

“ಸ್ಕ್ರೂ ಅಷ್ಟು ಬಿಗಿ ಮಾಡ್ಬೇಡ. ಗಾಜು ಬಿರುಕು ಬಿಡ್ತದೆ. ಇನ್ನೊಮ್ಮೆ.”

ಮರುದಿನ ಎರಡು ತಂತಿಗಳ ತುದಿಗೆ ಲೋಹದ ಸಣ್ಣ ಕೊಳವೆ ತೊಡಿಸಿ ಇಕ್ಕಳದಿಂದ ಒತ್ತುವ ಪಾಠ. ಅದರ ಮರುದಿನ ಪರೀಕ್ಷೆ. ನಾನು ಇಕ್ಕಳ ಕೆಳಗಿಟ್ಟು ಕೇಳಿದೆ, “ಸತ್ಯ ಹೇಳಿ. ನನಗೆ ಎಂತಕ್ಕೆ ಇದೆಲ್ಲ ಕಲಿಸುದು?”

ಇವರು ದೀಪವನ್ನು ತಮ್ಮ ಕಡೆಗೆ ಎಳೆದುಕೊಂಡರು. “ಮಕ್ಕಳು ಬರುವ ಮೊದಲು ಹೋಗಿ ಹಾಕಿ ಬರುವಾ. ಕೈಯ ಸಂಗತಿ ಅಲ್ಲಿ ಗೊತ್ತಾದ್ರೆ ಮನೆಯಲ್ಲೇ ವಿಶ್ರಾಂತಿ ತಕ್ಕೊಳ್ಳಿ ಅಂತ ಹೇಳ್ತಾರೆ. ವಿಶ್ರಾಂತಿ ತಕ್ಕೊಂಡು ನಾನು ಎಂತ ಮಾಡುದು?” ಎಂದರು.

ನಡುಕಕ್ಕೆ ಇವರು ‘ಕೈಯ ಸಂಗತಿ’ ಎಂದು ಹೆಸರಿಟ್ಟದ್ದು ಅದೇ ಮೊದಲು. ನಾನು ಇಕ್ಕಳ ಮತ್ತೆ ಕೈಗೆ ತೆಗೆದುಕೊಂಡೆ.

ಆ ಮಂಗಳವಾರ ಮೊದಲ ಬಸ್ಸಿಗೇ ಹೊರಟೆವು. ಮದುವೆಯಾದ ಹೊಸದರಲ್ಲಿ ಮನೆಯವರಿಗೆ ಹೇಳದೆ ಇಬ್ಬರೂ ಪುತ್ತೂರಿನ ಪೇಟೆ ಸುತ್ತಲು ಹೋದ ದಿನ ನೆನಪಾಗಿ ನನಗೆ ನಗು ಬಂತು. ಆ ದಿನ ಚೀಲದಲ್ಲಿ ಸ್ಕ್ರೂ ಡ್ರೈವರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಶೆಡ್ಡಿನ ಬೀಗದ ಕೈ ಇವರ ಬಳಿಯೇ ಇತ್ತು. ಒಳಗೆ ಹೋಗಿ ನೋಡಿದರೆ ವಿಮಾನ ನಾನು ಎಣಿಸಿದ್ದಕ್ಕಿಂತ ಎಷ್ಟೋ ಸಣ್ಣದು. ರೆಕ್ಕೆಯ ಕೆಳಗೆ ತಲೆ ಬಗ್ಗಿಸಿ ನಿಂತಾಗ ಪಾಪ ಅನಿಸಿತು. ಬಾಲ ಮಾತ್ರ ಮೇಲಕ್ಕೆ ಚಾಚಿಕೊಂಡು, ಅದರ ತುದಿಯಲ್ಲಿ ಸತ್ತ ದೀಪ. ಇವರು ಎಡಗೈಯಿಂದ ಏಣಿ ಎಳೆದು ತಂದು ಬಾಲದ ಪಕ್ಕ ನಿಲ್ಲಿಸಿದರು. ಮೊದಲು ನನ್ನಿಂದ ಬ್ಯಾಟರಿಯ ತಂತಿ ಕಳಚಿಸಿದರು. ಆಮೇಲೆ ಏಣಿಗೆ ತಮ್ಮ ಇಡೀ ಮೈ ಒತ್ತಿ ಹಿಡಿದುಕೊಂಡು, “ಹತ್ತು” ಎಂದರು.

ಏಣಿಯ ಎರಡನೆಯ ಮೆಟ್ಟಿಲಲ್ಲಿ ನನಗೆ ದೇವರ ನೆನಪಾಯಿತು. ಮೇಲೆ ಹೋದ ಹಾಗೆ ದೇವರಿಗೂ ನನ್ನ ನೆನಪಾಗಿರಬೇಕು, ಕಾಲು ಗಟ್ಟಿಯಾಗಿ ನಿಂತಿತು. ಗಾಜು ಬಿಚ್ಚಿ ಕೆಳಗೆ ಕೊಟ್ಟೆ. ಹಳೆಯ ದೀಪವನ್ನು ಮೇಲಕ್ಕೆತ್ತಿದಾಗ ಅದರ ಜೊತೆಗೆ ಎರಡು ತಂತಿಗಳು ಬಾಲದೊಳಗಿನಿಂದ ಎದ್ದು ಬಂದವು.

“ತಂತಿಗೆ ಮೊದಲು ನೂಲು ಕಟ್ಟು. ಇಲ್ಲದಿದ್ರೆ ಒಳಗೆ ಜಾರಿ ಹೋಗ್ತದೆ.”

ಕಟ್ಟಿದೆ. ನೆಲ ನೋಡಬಾರದೆಂದು ಗೊತ್ತಿದ್ದೂ ನೋಡಿದ್ದರಿಂದ ಆ ಹೊತ್ತಿಗೆ ನನ್ನ ಕೈಯೂ ನಡುಗುತ್ತಿತ್ತು. ಹಳೆಯ ದೀಪವನ್ನು ತಂತಿಯಿಂದ ಬಿಡಿಸಿದ್ದೇ ತಡ, ಗಂಟು ಸಡಿಲವಾಗಿ ನೂಲು ನನ್ನ ಬೆರಳಲ್ಲೇ ಉಳಿಯಿತು. ಎರಡು ತಂತಿಗಳೂ ಬಿಲ ಹೊಕ್ಕ ಹಾವಿನಂತೆ ಬಾಲದೊಳಗೆ ಇಳಿದವು.

“ಹೋಯ್ತು,” ಎಂದೆ.

“ಎಂತ ಹೋಯ್ತು?”

ಉತ್ತರ ಕೊಡುವ ಮೊದಲೇ ಶೆಡ್ಡಿನ ಬಾಗಿಲಲ್ಲಿ ಮಾತು ಕೇಳಿಸಿತು. ಆ ದಿನ ಇಂಜಿನ್ ಚಾಲೂ ಮಾಡಬಹುದೆಂಬ ಆಸೆಯಿಂದ ಮಕ್ಕಳು ಬೇಗನೆ ಬಂದುಬಿಟ್ಟಿದ್ದರು. ಜೊತೆಗೆ ವಿಭಾಗದ ಮುಖ್ಯಸ್ಥೆ ಶೈಲಜಾ ಮೇಡಂ. ಸೀರೆ ಎತ್ತಿ ಕಟ್ಟಿಕೊಂಡು, ಕೈಯಲ್ಲಿ ನೂಲು ಹಿಡಿದು, ವಿಮಾನದ ಬಾಲವನ್ನು ತಬ್ಬಿಕೊಂಡು ನಿಂತ ಅಪರಿಚಿತ ಹೆಂಗಸನ್ನು ಎಲ್ಲರೂ ನೋಡಿದರು. ನಾನು ನಮಸ್ಕಾರ ಮಾಡಬೇಕೆಂದುಕೊಂಡೆ. ಆದರೆ ಅದಕ್ಕೆ ಎರಡೂ ಕೈ ಬಿಡಬೇಕಾಗುತ್ತಿತ್ತು.

ಇವರು ಏನಾದರೊಂದು ನೆಪ ಹೇಳುತ್ತಾರೆಂದು ಕಾದೆ. ಕನ್ನಡಕ, ಸೊಂಟನೋವು, ಹೀಗೆ ಎಷ್ಟೋ ಇದ್ದವು. ಇವರು ಏಣಿಯಿಂದ ಬಲಗೈ ತೆಗೆದು ಎಲ್ಲರಿಗೂ ಕಾಣುವ ಹಾಗೆ ಮುಂದೆ ಹಿಡಿದರು. ಅದು ತನ್ನ ಪಾಡಿಗೆ ನಡುಗುತ್ತಿತ್ತು.

“ನನ್ನ ಕೈ ನಡುಗ್ತದೆ. ತಂತಿ ಹಿಡಿಲಿಕ್ಕೆ ಆಗುದಿಲ್ಲ. ಅದಕ್ಕೆ ಇವಳನ್ನು ಕರ್ಕೊಂಡು ಬಂದೆ. ಇವಳು ನನ್ನ ಹೆಂಡತಿ, ಕನ್ನಡ ಟೀಚರ್,” ಎಂದರು. ಮತ್ತೆ ಶೈಲಜಾ ಮೇಡಂ ಕಡೆ ತಿರುಗಿ, “ಮೊದಲೇ ಹೇಳ್ಬೇಕಿತ್ತು ನಾನು. ಇನ್ನು ಬರುದು ಬೇಡವಾದ್ರೆ ಹೇಳಿ ಮೇಡಂ,” ಎಂದರು.

ಶೈಲಜಾ ಮೇಡಂ ಹತ್ತಿರ ಬಂದು ಏಣಿಯ ಇನ್ನೊಂದು ಕಾಲು ಹಿಡಿದುಕೊಂಡರು.

“ಸರ್, ನಮಗೆ ಗೊತ್ತುಂಟು,” ಎಂದರು.

“ಎಂತ ಗೊತ್ತುಂಟು?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡಬದಿಂದ ಬರುವ ರಮೀಜಾ ಎಂಬ ಹುಡುಗಿ ಕೊನೆಗೆ ಬಾಯಿ ಬಿಟ್ಟಳು. “ಸರ್, ನೀವು ತೆಗೆದು ತೋರ್ಸುವ ಸ್ಕ್ರೂ ಎಲ್ಲ ನಾವು ಸೋಮವಾರವೇ ಸ್ವಲ್ಪ ಸಡಿಲ ಮಾಡಿ ಇಡುದು. ನಿಮಗೆ ಕಷ್ಟ ಆಗ್ಬಾರ್ದೂಂತ.”

ಇಷ್ಟು ದಿನ ತಮ್ಮ ಕೈಯಲ್ಲಿ ಇನ್ನೂ ಬಲ ಉಂಟೆಂದು ಇವರು ನಂಬಿದ್ದರು. ಮನೆಗೆ ಬಂದು, ಇವತ್ತು ಸ್ಕ್ರೂ ಸಲೀಸಾಗಿ ಬಂತು ಮಾರಾಯ್ತಿ, ಎಂದು ಹೇಳಿದ ದಿನಗಳಿದ್ದವು. ಈಗ ಇವರ ಕಣ್ಣು ತುಂಬುತ್ತದೆ, ನನ್ನದೂ ತುಂಬುತ್ತದೆ, ಎಂದು ನಾನು ಸೆರಗು ಹುಡುಕುತ್ತಿದ್ದರೆ ಇವರ ಮುಖ ಕೆಂಪೇರಿತು.

“ಸಡಿಲ ಮಾಡುದಾ? ವಿಮಾನದ ಸ್ಕ್ರೂ ಸಡಿಲ ಮಾಡುದಾ? ಯಾರು ಕಲಿಸಿದ್ದು ನಿಮಗೆ? ನಾನು ಕಲಿಸಿದ್ದಾ? ಎಷ್ಟು ಮಾಡಿದ್ದೀರಿ, ಎಲ್ಲೆಲ್ಲಿ ಮಾಡಿದ್ದೀರಿ, ಈಗಲೇ ಬಿಗಿ ಮಾಡಿ. ಒಂದನ್ನೂ ಬಿಡ್ಬೇಡಿ!”

ಮಕ್ಕಳು ಸ್ಕ್ರೂ ಡ್ರೈವರ್ ಹಿಡಿದು ನಾಲ್ಕೂ ಕಡೆ ಓಡಿದರು. ಇವರು ಹಿಂದಿನಿಂದ ಹೋಗಿ ಒಬ್ಬೊಬ್ಬರ ಕೈಯ ಮೇಲೆ ಕೈಯಿಟ್ಟು, ಇಷ್ಟು ಸಾಕು, ಇದಕ್ಕೆ ಇನ್ನೂ ಸ್ವಲ್ಪ, ಎಂದು ಬಿಗಿಯ ಅಂದಾಜು ಹೇಳಿಕೊಟ್ಟರು. ನಡುಗುವ ಕೈಯನ್ನು ಜೇಬಿಗೆ ಹಾಕುವುದು ಮರೆತೇ ಹೋಗಿತ್ತು. ಹತ್ತಿಸಿದ ಹೆಂಡತಿಯನ್ನು ಇಳಿಸುವುದೂ ಮರೆತೇ ಹೋಗಿತ್ತು. ಶೈಲಜಾ ಮೇಡಂ ಇಲ್ಲದಿದ್ದರೆ ನಾನು ಅಲ್ಲೇ ದೀಪವಾಗಿ ನಿಂತಿರಬೇಕಿತ್ತು.

ಬಿದ್ದ ತಂತಿಯನ್ನು ರಮೀಜಾಳೇ ಹಿಡಿದಳು. ಬಾಲದ ಬುಡದಲ್ಲಿ ಕೈ ಹೋಗುವಷ್ಟು ಒಂದು ಸಣ್ಣ ಉರುಟು ಮುಚ್ಚಳವಿತ್ತು. ಅವಳು ಅದನ್ನು ತೆಗೆದು ಟಾರ್ಚು ಬಿಟ್ಟಳು. ನಾನು ಮತ್ತೆ ಏಣಿ ಹತ್ತಿ ತುದಿ ಬಗ್ಗಿಸಿದ ಸರಿಗೆಯೊಂದನ್ನು ಮೇಲಿನಿಂದ ಇಳಿಸಿದೆ. ಅವಳು ಕೆಳಗಿನಿಂದ ತಂತಿಗಳನ್ನು ಅದಕ್ಕೆ ಸಿಕ್ಕಿಸಿದಳು. ಇವರು ನಡುವೆ ನಿಂತು, “ಎಳಿ, ಎಳಿಬೇಡ, ಬಿಡು, ಬಿಡ್ಬೇಡ” ಎಂದರು. ಹೇಗೋ ತಂತಿ ಮೇಲೆ ಬಂತು. ಈ ಸಲ ನೂಲಿನ ಗಂಟನ್ನು ನಾನು ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದೆ. ಅದು ವಿಮಾನಶಾಸ್ತ್ರದಲ್ಲಿ ಇಲ್ಲವಂತೆ. ಕೊಳವೆ ತೊಡಿಸಿದೆ, ಇಕ್ಕಳ ಒತ್ತಿದೆ, ದೀಪ ಕೂರಿಸಿದೆ, ಗಾಜು ಬಿರುಕು ಬಿಡದಷ್ಟು ಸ್ಕ್ರೂ ತಿರುಗಿಸಿದೆ.

ಬ್ಯಾಟರಿ ಜೋಡಿಸಿ ಸ್ವಿಚ್ಚು ಹಾಕಿದಾಗ ಶೆಡ್ಡಿನ ನಸುಗತ್ತಲೆಯಲ್ಲಿ ಕೆಂಪು ಬೆಳಕು ಒಮ್ಮೆ ಬಂದು ಹೋಯಿತು. ಮತ್ತೆ ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಇವರು ಹೊಡೆಯಲಿಲ್ಲ. ಬಾಲದ ತುದಿಯನ್ನೇ ನೋಡುತ್ತ, “ಉಂಟುದೀಪ,” ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ವಿಮಾನವನ್ನು ಅಂಗಳಕ್ಕೆ ತಳ್ಳಿ ಇಂಜಿನ್ ಚಾಲೂ ಮಾಡಿದ್ದಾಯಿತು. ಸದ್ದಿಗೆ ನನ್ನ ಕಿವಿ ಸಂಜೆಯವರೆಗೂ ಗುಂಯ್‌ಗುಟ್ಟಿತು. ಹೊರಡುವಾಗ ಶೈಲಜಾ ಮೇಡಂ ಗೇಟಿನವರೆಗೆ ಬಂದರು.

“ನೀವು ಬಾರದಿದ್ರೆ ಆ ಸ್ಕ್ರೂಗಳನ್ನು ನೋಡುವವರು ಯಾರು ಸರ್? ಬನ್ನಿ. ಆದ್ರೆ ಕೈಯನ್ನು ಡಾಕ್ಟ್ರಿಗೆ ತೋರ್ಸಿದ್ದೀರಾ?”

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ.

“ತೋರ್ಸಿ. ಮಂಗಳವಾರ ಬಿಟ್ಟು ಬೇರೆ ದಿನ ಹೋಗಿ, ರಜೆ ಕೊಡ್ಲಿಕ್ಕಾಗುದಿಲ್ಲ,” ಎಂದು ಮೇಡಂ ನಕ್ಕರು.

ಅದೇ ವಾರ ಪುತ್ತೂರಿನಲ್ಲಿ ನರರೋಗದ ಡಾಕ್ಟರರಿಗೆ ತೋರಿಸಿದೆವು. ಅವರು ನಡೆಸಿ ನೋಡಿದರು, ಬೆರಳು ಕೂಡಿಸಿ ನೋಡಿದರು, ರೋಗದ ಹೆಸರು ಹೇಳಿದರು. ಪೂರಾ ಗುಣವಾಗುವುದಲ್ಲ, ಆದರೆ ಮಾತ್ರೆಯಿಂದ ಹಿಡಿತದಲ್ಲಿಡಬಹುದು ಎಂದರು. ಹೆಸರು ಕೇಳಿ ನನಗೆ ಹೆದರಿಕೆಯಾಯಿತು, ವಿಚಿತ್ರವಾಗಿ ಸ್ವಲ್ಪ ಹಗುರವೂ ಆಯಿತು.

“ಕೈಯಿಂದ ಸೂಕ್ಷ್ಮದ ಕೆಲಸ ಎಂತಾದ್ರೂ ಮಾಡ್ಲಿಕ್ಕುಂಟಾ ನಿಮಗೆ?” ಎಂದು ಡಾಕ್ಟರು ಕೇಳಿದರು.

“ಸೂಕ್ಷ್ಮದ್ದಕ್ಕೆಲ್ಲ ಇವಳಿದ್ದಾಳೆ, ಮಕ್ಕಳಿದ್ದಾರೆ,” ಎಂದರು ಇವರು. “ನನಗೊಂದು ಲೋಟ ಕಾಫಿ ಕುಡಿಲಿಕ್ಕೆ ಆಗುವಷ್ಟು ಮಾಡಿ ಕೊಡಿ, ಸಾಕು.”

ಮಾತ್ರೆ ಹಿಡಿಯಿತು. ಬೆಳಗಿನ ಹೊತ್ತು ಕೈ ಸುಮಾರಾಗಿ ಮಾತು ಕೇಳುತ್ತದೆ, ಸಂಜೆಗೆ ಸ್ವಲ್ಪ ಹಟ. ಈಗ ಜಗಲಿಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿಯುತ್ತೇವೆ. ಇವರ ಲೋಟದಿಂದ ಒಂದಿಷ್ಟು ನೆಲಕ್ಕೆ ಚೆಲ್ಲುತ್ತದೆ. ಇವರು ಅದರ ಮೇಲೆ ಪೇಪರ್ ಇಟ್ಟು ಮುಚ್ಚುವುದಿಲ್ಲ. ನಾನು ಬಟ್ಟೆ ಹಿಡಿದು ಓಡಿ ಬರುವುದೂ ಇಲ್ಲ. ಕಾಫಿ ಬಿಸಿಯಿರುವಾಗಲೇ ಕುಡಿದು ಮುಗಿಸಬೇಕು. ನೆಲ ಒರೆಸುವುದು ಆಮೇಲೂ ಆಗುತ್ತದೆ.