ಕೈತುಂಬ ಹಿಡಿದು ಬಂದವರು

ಎರಡೂ ಕೈಗಳಲ್ಲಿ ಸಾಮಾನು ಹಿಡಿದುಕೊಂಡು ಬಾಗಿಲಿಗೆ ಬರುವ ಅತಿಥಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಶಯ. ಒಂದು ಕೈಯಲ್ಲಿ ನಾಲ್ಕು ಹಣ್ಣು ಇದ್ದರೆ ಅದು ಪ್ರೀತಿ. ಎರಡೂ ಕೈ ತುಂಬಿ, ಕರೆಗಂಟೆಯನ್ನು ಮೊಣಕೈಯಿಂದ ಒತ್ತುವ ಪ್ರಸಂಗ ಬಂದಿದ್ದರೆ, ಆ ಮನುಷ್ಯ ಹೋಗುವಾಗ ನಮ್ಮ ಮನೆಯಿಂದ ಏನನ್ನೋ ಒಯ್ಯುವವನಿದ್ದಾನೆ ಎಂದೇ ನನ್ನ ತೀರ್ಮಾನ. ಈ ಗುಣ ಒಳ್ಳೆಯದಲ್ಲವೆಂದು ಬಲ್ಲೆ. ನಮ್ಮ ಮದುವೆಯಲ್ಲಿ ಬಂದ ಉಡುಗೊರೆಗಳನ್ನೂ ನಾನು ಹೀಗೆಯೇ ತಿರುವಿ ತಿರುವಿ ನೋಡಿದೆನೆಂದು ನಿಮ್ಮ ಅಜ್ಜ ಇದ್ದಷ್ಟು ದಿನ ನಗುತ್ತಿದ್ದರು. ಅವರು ಸುಳ್ಳು ಹೇಳುವವರಲ್ಲ, ಆದ್ದರಿಂದ ನೋಡಿರಬೇಕು.

ನೆಲ್ಸನ್ನಿನಲ್ಲಿರುವ ನನ್ನ ಮೊಮ್ಮಕ್ಕಳೇ, ನಿಮ್ಮ ಸಹನಾ ಅಕ್ಕ ಆಟದ ಕ್ಲಬ್ಬು ಬದಲಾಯಿಸಿದ ಕತೆ ನಿಮಗೆ ಫೋನಿನಲ್ಲಿ ಅರ್ಧ ಸಿಕ್ಕಿದೆ, ಅದೂ ಅವಳ ಅಪ್ಪ, ನಿಮ್ಮ ಗುರುಮಾಮನ ಬಾಯಿಂದ. ಅವನು ಹೇಳುವ ಕತೆಯಲ್ಲಿ ನಾನು ಹೋಳಿಗೆ ಮಾಡಿ ಮನೆಯ ಮಾನ ಕಳೆದವಳು. ಫೋನಿನಲ್ಲಿ ಮಾತಾಡಲು ನಾಚುವ ನನಗೆ, ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ತಿದ್ದಿದ ಈ ಅಕ್ಷರವೇ ಗತಿ. ನೀವು ಕನ್ನಡವನ್ನು ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು. ನಿಮ್ಮ ಅವ್ವ ಓದಿ ಹೇಳಲಿ, ನೀವು ಕೇಳಿರಿ.

ಇಲ್ಲಿ ವೆಲಿಂಗ್ಟನ್ನಿಗೆ ಸೇರಿದ ಜಾನ್ಸನ್‌ವಿಲ್‌ನ ನಮ್ಮ ಮನೆಯಲ್ಲಿ ಬೇಸ್‌ಬಾಲ್ ಹೇಗೆ ಹೊಕ್ಕಿತು ಎಂಬುದನ್ನು ಮೊದಲು ಹೇಳಬೇಕು. ಭಾರತದ ಕ್ರಿಕೆಟ್ ಇಲ್ಲಿ ಎಲ್ಲರೂ ಮಲಗುವ ಹೊತ್ತಿಗೆ ಶುರುವಾಗುತ್ತದೆ. ಅಮೆರಿಕದವರ ಸಂಜೆಯ ಆಟ ಮಾತ್ರ ನಮ್ಮಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ, ರೊಟ್ಟಿಯ ಜೊತೆಗೆ ಬಂದುಬಿಡುತ್ತದೆ. ಗುರುಮಾಮ ಹಾಗೂ ಅವನ ಗೆಳೆಯ ಇಮ್ತಿಯಾಜ್ ಹೀಗೆ ಭಕ್ತರಾದರು. ಇಮ್ತಿಯಾಜ್ ಹುಬ್ಬಳ್ಳಿಯವನು, ಯೂಟ್ ಎಂದು ಇಲ್ಲಿ ಕರೆಯುವ, ಹಿಂದೆ ಸಾಮಾನು ಹೇರುವ ಹಳೆಯ ಗಾಡಿಗಳ ಬಿಡಿಭಾಗ ಮಾರುವ ಅಂಗಡಿಯವನು. ಇಬ್ಬರದೂ ಬೇರೆ ಬೇರೆ ತಂಡ. ಆಟ ನಡೆಯುವ ತಿಂಗಳುಗಳಲ್ಲಿ ಅವರು ಸೌಮ್ಯವಾಗಿಯೇ ಇರುತ್ತಾರೆ. ಆಟ ಮುಗಿದು, ಅಲ್ಲಿ ಚಳಿಗಾಲ ಇಲ್ಲಿ ಬೇಸಿಗೆ ಬಂತೆಂದರೆ, ಕರಾರು ಮುಗಿದ ಆಟಗಾರರು ಯಾವ ತಂಡಕ್ಕೆ ಹೋಗುತ್ತಾರೆ, ಎಷ್ಟು ಕೋಟಿಗೆ ಹೋಗುತ್ತಾರೆ ಎಂಬ ಚರ್ಚೆ ಹತ್ತಿಕೊಳ್ಳುತ್ತದೆ. ಬ್ಯಾಟು ಗೋಡೆಗೆ ಒರಗಿದ ಮೇಲೆಯೇ ಆಟ ಕಾವೇರುವುದನ್ನು ನಾನು ಇಲ್ಲಿ ಕಂಡೆ.

"ಮೊಣಕೈ ಆಪರೇಷನ್ ಮಾಡಿಸ್ಕೊಂಡಾನೋ ಗುರು. ಮೂವತ್ತನಾಕು ವಯಸ್ಸು. ಅವಂಗ ಏಳು ವರ್ಷದ ಕಾಂಟ್ರ್ಯಾಕ್ಟ್ ಕೊಡ್ತಾರಂದ್ರ ನಿಮ್ಮ ಟೀಮಿನವರಿಗೆ ತಲಿ ಐತೇನು?" ಎಂದು ಇಮ್ತಿಯಾಜ್.

"ನಿನಗ ಹೊಟ್ಟಿಕಿಚ್ಚು. ನಿಮ್ಮವರು ಕೇಳಿದ್ರು, ಅಂವ ಬರೂದಿಲ್ಲ ಅಂದ."

"ನನ್ನ ಅಂಗಡಿಗಿ ಯೂಟ್ ಬಂದ್ರ ನಾನು ಬಾನೆಟ್ ಎತ್ತಿ ನೋಡ್ತೀನಪ. ನಿಮ್ಮವರು ಪೇಂಟ್ ನೋಡಿ ರೊಕ್ಕ ಕೊಡ್ತಾರ."

ರೊಟ್ಟಿ ಬಡಿಯುತ್ತ ಇದನ್ನೆಲ್ಲ ಕೇಳುವ ನನಗೆ ಒಂದೇ ಅನುಮಾನ: ಇಷ್ಟು ಕೋಟಿ ಎಲ್ಲಿಂದ ಬರುತ್ತದೆ? ವರ್ಷವರ್ಷವೂ ಏರುವ ಆ ಸಂಬಳದಲ್ಲಿ ಗುರುಮಾಮ ತರಿಸಿಕೊಂಡ ನಾಲ್ಕು ಟೊಪ್ಪಿಗೆಗಳ ದುಡ್ಡೂ ಸೇರಿರಬೇಕು. ಒಮ್ಮೆ ಧೈರ್ಯ ಮಾಡಿ ಹಾಗೆ ಅಂದೇಬಿಟ್ಟೆ. ಗುರುಮಾಮ ತಲೆಯ ಮೇಲಿನ ಟೊಪ್ಪಿಗೆಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಇಮ್ತಿಯಾಜ್, "ಅವ್ವಾರು ಬಾನೆಟ್ ಎತ್ತಿದ್ರು ನೋಡು," ಎಂದ. ನನಗೆ ನಾಚಿಕೆಯಾಗಿ ಒಲೆಯ ಕಡೆ ತಿರುಗಿದೆ.

ಕಳೆದ ಜನವರಿಯ ಒಂದು ಭಾನುವಾರ ಇಂಥದೇ ಚರ್ಚೆ ನಡೆದಿದ್ದಾಗ ನಮ್ಮ ಕರೆಗಂಟೆ ಸದ್ದು ಮಾಡಿತು. ಬಾಗಿಲು ತೆರೆದರೆ ಕ್ಯಾರನ್ ಎಂಬ ಎತ್ತರದ ಹೆಂಗಸು, ಎರಡೂ ಕೈ ತುಂಬ ಹಿಡಿದುಕೊಂಡು ನಿಂತಿದ್ದಾಳೆ. ಒಂದು ಕೈಯಲ್ಲಿ ಹೊಸ ಚರ್ಮದ ಗ್ಲೌಸು, ಇನ್ನೊಂದರಲ್ಲಿ ಹೂವಿನ ಚಿತ್ರದ ಕೇಕಿನ ಡಬ್ಬಿ. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿಯಂಥ ಆಟ, ನಿಮಗೆ ಗೊತ್ತೇ ಇದೆ. ನಮ್ಮ ಸಹನಾ ಹದಿನೈದು ವರ್ಷದವಳು, ಮನೆಯ ಹತ್ತಿರದ ಸಣ್ಣ ಕ್ಲಬ್ಬಿನಲ್ಲಿ ಚೆಂಡು ಎಸೆಯುವ ಪಿಚರ್. ಕ್ಯಾರನ್ ದೊಡ್ಡ ಕ್ಲಬ್ಬಿನ ಕೋಚ್. ಮುಂದಿನ ಸೀಸನ್ನಿಗೆ ಸಹನಾ ತಮ್ಮಲ್ಲಿಗೆ ಬರಲಿ ಎಂದು ಕೇಳಲು ಬಂದವಳು. ಗ್ಲೌಸು ಕ್ಲಬ್ಬಿನದು, ಬಂದರೂ ಬಾರದಿದ್ದರೂ ಕೈಗೆ ಹೊಂದುತ್ತದೆಯೇ ನೋಡಲಿ ಎಂದಳಂತೆ. ಇಮ್ತಿಯಾಜನ ತಂಡದ ಕೋಟಿಗಳನ್ನು ಅಷ್ಟು ಹೊತ್ತು ಬೈದ ಗುರುಮಾಮನ ಮುಖದಲ್ಲಿ ಆಗ ಉಕ್ಕಿದ ಹೆಮ್ಮೆಯನ್ನು ನೀವು ನೋಡಬೇಕಿತ್ತು. ನಾನು ಗ್ಲೌಸನ್ನು ಎತ್ತಿ, ಒಳಗೂ ಹೊರಗೂ ತಿರುವಿ ನೋಡಿ, ಇಟ್ಟೆ.

ನನ್ನ ಸಂಶಯಕ್ಕೆ ಒಂದು ಬೇರು ಇದೆ. ನಿಮ್ಮ ಅವ್ವನಿಗೂ ನಾನು ಇದನ್ನು ಪೂರ್ತಿ ಹೇಳಿಲ್ಲ.

ನನ್ನ ಅಣ್ಣ ವಿರೂಪಾಕ್ಷಿ ಪೈಲ್ವಾನ. ನಮ್ಮೂರಿನ ತಾಲೀಮಿನಲ್ಲಿ, ಎಂದರೆ ಕುಸ್ತಿ ಕಲಿಯುವ ಮನೆಯಲ್ಲಿ, ಬೆಳೆದವನು. ಪೈಲ್ವಾನನಿಗೆ ಬೇಕಾದ ಖುರಾಕು, ಅಂದರೆ ಹಾಲು ತುಪ್ಪ ಬಾದಾಮಿ, ಒಂದು ಮನೆಯಿಂದ ಆಗುವಂಥದಲ್ಲ; ಊರ ಮನೆಗಳು ವಾರ ಹಂಚಿಕೊಂಡು ಕೊಡುತ್ತಿದ್ದವು. ಸೋಮವಾರ ಗೌಡರ ಮನೆಯ ಹಾಲು, ಮಂಗಳವಾರ ಮುಲ್ಲಾನ ಮನೆಯದು, ಹೀಗೆ. ಅಣ್ಣ ಗೆದ್ದರೆ ಆ ಎಲ್ಲ ಮನೆಗಳೂ ಗೆದ್ದ ಹಾಗೆ. ಅವನ ಹೆಸರು ಹಬ್ಬುತ್ತಲೇ ಪಕ್ಕದ ಪೇಟೆಯ ಸಾಹುಕಾರರೊಬ್ಬರು ನಮ್ಮ ಮನೆಗೆ ಬಂದರು. ಅವರ ಒಂದು ಕೈಯಲ್ಲಿ ರೇಷ್ಮೆ ರುಮಾಲು, ಇನ್ನೊಂದು ಕೈಯಲ್ಲಿ ಹಾಲು ಕರೆಯುವ ಎಮ್ಮೆಯ ಹಗ್ಗ. "ನಮ್ಮ ತಾಲೀಮಿಗೆ ಬಾ. ಜೀವ ಇರೂತನಕ ನಿನ್ನ ಖುರಾಕು ನಂದು," ಎಂದರು. ಅಣ್ಣ ಹೋದ. ಎರಡು ವರ್ಷ ಅವರ ಹೆಸರಿನಲ್ಲಿ ಕುಸ್ತಿ ಹಿಡಿದ. ಭುಜ ನೋಯುತ್ತಿದ್ದರೂ, ಪಣ ಕಟ್ಟಿದ್ದೇನೆ ಎಂದು ಸಾಹುಕಾರರು ಮತ್ತೆ ಮತ್ತೆ ಕಣಕ್ಕೆ ಇಳಿಸಿದರು. ಒಂದು ದಿನ ಭುಜ ಕಳಚಿತು, ಅದು ಮತ್ತೆ ನೆಟ್ಟಗಾಗಲಿಲ್ಲ. ತಿಂಗಳೊಳಗೆ ಅವರ ಆಳು ಬಂದು ಎಮ್ಮೆಯ ಹಗ್ಗ ಬಿಚ್ಚಿದ. ನಮ್ಮವ್ವನ ಕೈಗೆ ಹೊಂದಿಕೊಂಡ ಪ್ರಾಣಿ. ಓಣಿಯ ತಿರುವಿನಿಂದ ಎರಡು ಸಲ ಓಡಿ ವಾಪಸು ಬಂತು. ಮೂರನೆಯ ಸಲ ಅದನ್ನು ಹಿಂದಿನಿಂದ ಅಟ್ಟಿಕೊಂಡು ಊರಾಚೆಗೆ ಬಿಟ್ಟುಬಂದವಳು ನಾನೇ. ಆಮೇಲೆ ಅಣ್ಣ, ತನಗೆ ಹಾಲು ಕೊಟ್ಟ ಮನೆಗಳ ಮುಂದೆ ಹಾಯುವುದಕ್ಕೆ ನಾಚಿ, ಹೊಲಕ್ಕೆ ಸುತ್ತುಬಳಸಿ ಹೋಗುತ್ತಿದ್ದ. ಯಾರೂ ಅವನಿಗೆ ಒಂದು ಮಾತು ಅಂದಿರಲಿಲ್ಲ.

ಇದೆಲ್ಲ ನೆನಪಾಗಲು ಬರೀ ಗ್ಲೌಸು ಕಾರಣವಲ್ಲ. ಹದಿನೈದು ದಿನಗಳಿಂದ ಸಹನಾ ಎಡಗೈಯಿಂದ ತಲೆ ಬಾಚಿಕೊಳ್ಳುತ್ತಿದ್ದಳು. ಅವಳು ಎಡಚಿಯಲ್ಲ. ಆ ಸಣ್ಣ ಕ್ಲಬ್ಬಿನಲ್ಲಿ ಪಿಚರ್ ಅವಳೊಬ್ಬಳೇ, ಎಲ್ಲ ಪಂದ್ಯಗಳೂ ಅವಳ ಬಲಭುಜದ ಮೇಲೆ. ಮನೆಯಲ್ಲಿ ಹೇಳಿದರೆ ಆಟ ಬಿಡಿಸುತ್ತಾರೆಂದು ಬಾಯಿ ಬಿಟ್ಟಿರಲಿಲ್ಲ. ಎಣ್ಣೆ ಹಚ್ಚುವ ನೆಪದಲ್ಲಿ ನಾನು ಒತ್ತಿ ನೋಡಿದಾಗ ಅವಳು ತುಟಿ ಕಚ್ಚಿದಳು. ಹೀಗಿರುವಾಗ ಕೈತುಂಬ ಹಿಡಿದು ಬಂದವಳು ಏನನ್ನು ಒಯ್ಯಲು ಬಂದಿದ್ದಾಳೆಂದು ನಾನು ಯೋಚಿಸಬಾರದೇ? ಮನಸ್ಸಿನಲ್ಲೇ ನಿರ್ಧರಿಸಿದೆ: ಈ ಹುಡುಗಿಯನ್ನು ಕಳಿಸಬಾರದು.

ನಿರ್ಧರಿಸಿದವಳು ಮಾಡಿದ್ದೇನು ಗೊತ್ತೇ? ಕೇಕಿನ ಡಬ್ಬಿ ಖಾಲಿಯಾಯಿತು. ನಾನು ಮೊಟ್ಟೆ ಹಾಕಿದ್ದನ್ನು ಮುಟ್ಟುವುದಿಲ್ಲ, ಉಳಿದವರು ಎರಡು ದಿನದಲ್ಲಿ ಮುಗಿಸಿದರು. ಬೇರೆ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ನಮ್ಮಲ್ಲಿ ಇಲ್ಲ. ಜಗಳವಾಡಿದ ಮನೆಯ ಪಾತ್ರೆಗೂ ನಾಲ್ಕು ಕಾಳು ಸಕ್ಕರೆ ಹಾಕಿಯೇ ಕೊಡುತ್ತೇವೆ. ನಾನು ಡಬ್ಬಿ ತೊಳೆದು, ಒರೆಸಿ, ಹನ್ನೆರಡು ಶೇಂಗಾ ಹೋಳಿಗೆ ಹಾಕಿ, ಸೊಸೆ ಆಫೀಸಿಗೆ ಹೋಗುವಾಗ ಕ್ಯಾರನ್ ಮನೆಗೆ ಮುಟ್ಟಿಸಲು ಕೊಟ್ಟೆ. ಮಧ್ಯಾಹ್ನ ಗುರುಮಾಮನ ಫೋನಿಗೆ ಸಂದೇಶ ಬಂತು: ಅಜ್ಜಿ ಸ್ವತಃ ಸಿಹಿ ಮಾಡಿ ಒಪ್ಪಿಗೆ ಕಳಿಸಿದ್ದಕ್ಕೆ ಬಹಳ ಸಂತೋಷ, ಸಹನಾಳ ಹೆಸರನ್ನು ಪಟ್ಟಿಗೆ ಸೇರಿಸುತ್ತಿದ್ದೇನೆ.

ಸಹನಾ ಸಿಟ್ಟಿನಿಂದ ಕೋಣೆಯ ಬಾಗಿಲು ಹಾಕಿಕೊಂಡಳು. ತಾನಿನ್ನೂ ಯೋಚಿಸುತ್ತಿದ್ದೆ, ತನ್ನನ್ನು ಯಾರೂ ಕೇಳಲೇ ಇಲ್ಲ ಎಂದು ಇಂಗ್ಲಿಷಿನಲ್ಲಿ ಅಂದದ್ದು ಬಾಗಿಲಾಚೆಯಿಂದಲೂ ನನಗೆ ಅರ್ಥವಾಯಿತು. ಅಂಗಡಿ ಮುಚ್ಚಿ ಬಂದ ಇಮ್ತಿಯಾಜ್ ಮಾತ್ರ ಸೋಫಾದ ಮೇಲೆ ಉರುಳಿ ನಕ್ಕ. "ಅಲ್ರೀ ಅವ್ವಾರ, ಅಮೆರಿಕಾದಾಗ ಆರಾರು ತಿಂಗಳು ವಕೀಲರು ಬಡಿದಾಡಿ ಸಹಿ ಹಾಕ್ತಾರ. ನೀವು ಹನ್ನೆರಡು ಹೋಳಿಗಿ ಒಳಗ ಕೆಲಸ ಮುಗಿಸಿಬಿಟ್ರಲ್ಲ."

"ನಗಬ್ಯಾಡಪ್ಪ," ಎಂದೆ. "ಆಕೀನ ಚಹಾಕ್ಕ ಕರೀರಿ. ನಾ ಒಂದು ಮಾತು ಕೇಳಬೇಕು."

"ನೀ ಕೇಳ್ತಿ?" ಎಂದ ಗುರುಮಾಮ. ನಲವತ್ತೈದು ವರ್ಷಗಳಲ್ಲಿ ಅವನು ನನ್ನಿಂದ ಅಂಥ ಮಾತು ಕೇಳಿರಲಿಲ್ಲ.

ಶನಿವಾರ ಕ್ಯಾರನ್ ಬಂದಳು. ನಾನು ಹಿಂದಿನ ದಿನದಿಂದ ವಾಕ್ಯವನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಇಟ್ಟುಕೊಂಡಿದ್ದೆ. ಇಂಗ್ಲಿಷಿಗೆ ತಿರುಗಿಸಲು ಸಹನಾ ಪಕ್ಕದಲ್ಲಿ ಕೂತಿದ್ದಳು, ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಕಪ್ಪನ್ನು ಕೆಳಗಿಟ್ಟು, ನೆಲ ನೋಡುತ್ತ ಕೇಳಿದೆ: "ಈ ಹುಡುಗಿ ಭುಜ ನಾಳೆ ಕೆಟ್ರ ನೀವು ಏನು ಮಾಡ್ತೀರಿ? ಆವಾಗೂ ಹಿಂಗ ನಮ್ಮನಿಗಿ ಬರ್ತೀರೇನು?"

ಸಹನಾ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಕ್ಯಾರನ್ ನಮ್ಮಿಬ್ಬರ ಮುಖ ನೋಡುತ್ತ ಕಾದಳು. ಆಮೇಲೆ ಸಹನಾ ನನ್ನ ಕಡೆ ತಿರುಗಿ, ಹುಟ್ಟಿದಾಗಿನಿಂದ ಇಂಗ್ಲಿಷಿನಲ್ಲೇ ಉತ್ತರಿಸುತ್ತ ಬಂದ ಆ ಹುಡುಗಿ, ಒಂದೊಂದೇ ಶಬ್ದ ಹುಡುಕಿ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಅದನ್ನ ನಾ ಮೊದಲೇ ಫೋನ್ ಮಾಡಿ ಕೇಳೀನಿ. ಭುಜ ನೋಯ್ತದ ಅಂತನೂ ಹೇಳೀನಿ."

"ಏನಂದ್ಳು?"

"ಮೂರು ಪಿಚರ್ ಅದಾರಂತ. ನಂಗ ರೆಸ್ಟ್ ಕೊಡ್ತಾರಂತ. ಆದ್ರೂ ಕೆಟ್ರ ಏನಂತ ಕೇಳಿದೆ. ಗೊತ್ತಿಲ್ಲ ಅಂದ್ರು."

ಗೊತ್ತಿಲ್ಲ. ಆ ಮಾತನ್ನೂ ನಾನು ಗ್ಲೌಸಿನ ಹಾಗೆ ತಿರುವಿ ತಿರುವಿ ನೋಡಿದೆ. ಜೀವ ಇರುವ ತನಕ ಎಂದವರನ್ನು ನಾನು ನೋಡಿದ್ದೆ. ಏಳು ವರ್ಷ ಎಂದು ಬರೆದುಕೊಡುವವರ ಸುದ್ದಿ ದಿನವೂ ನನ್ನ ಒಲೆಯ ಪಕ್ಕದಲ್ಲಿ ಕೇಳುತ್ತಿದ್ದೆ. ಬೇಕಾದದ್ದನ್ನು ಕೇಳಲು ಬಂದು, ಹದಿನೈದು ವರ್ಷದ ಹುಡುಗಿಗೆ, ಗೊತ್ತಿಲ್ಲ ಎನ್ನುವ ಮನುಷ್ಯರನ್ನು ನೋಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನನ್ನ ಅಣ್ಣ ಇಪ್ಪತ್ತೆರಡರ ವಯಸ್ಸಿನಲ್ಲಿ ಕೇಳದ ಪ್ರಶ್ನೆಯನ್ನು ಈ ಹುಡುಗಿ ಯಾರ ಸಲಹೆಯೂ ಇಲ್ಲದೆ ಕೇಳಿದ್ದಳು, ನಾನು ಹೋಳಿಗೆ ಲಟ್ಟಿಸುವುದಕ್ಕಿಂತ ಮೊದಲೇ.

"ನಿನ್ನ ಮನಸ್ಸಿನ್ಯಾಗ ಏನೈತಿ ಹಂಗ ಮಾಡು," ಎಂದೆ. ಅವಳು ಇನ್ನೂ ಎರಡು ವಾರ ತೆಗೆದುಕೊಂಡಳು. ಹೊಸ ಕ್ಲಬ್ಬಿಗೆ ಹೂಂ ಎನ್ನುವ ಮೊದಲು ಹಳೆಯ ಕ್ಲಬ್ಬಿನ ಗೆಳತಿಯರ ಮನೆಗಳಿಗೆ ತಾನೇ ಹೋಗಿ ಹೇಳಿ ಬಂದಳು. ಒಬ್ಬಳು ಅತ್ತಳಂತೆ, ಒಬ್ಬಳು ಎದ್ದು ಒಳಗೆ ಹೋದಳಂತೆ. ಸಹನಾ ಸುತ್ತುಬಳಸಿ ಹೋಗುವ ದಾರಿಯನ್ನು ಇಟ್ಟುಕೊಳ್ಳಲಿಲ್ಲ.

ಅಕ್ಟೋಬರಿನಲ್ಲಿ ಹೊಸ ಕ್ಲಬ್ಬಿನ ಪರವಾಗಿ ಅವಳ ಮೊದಲ ಪಂದ್ಯ. ಸೆರಗನ್ನೂ ಸ್ವೆಟರನ್ನೂ ಒಟ್ಟಿಗೆ ಹಾರಿಸುವ ವೆಲಿಂಗ್ಟನ್ ಗಾಳಿಯಲ್ಲಿ ನಾನು ಬೆಂಚಿನ ತುದಿಯಲ್ಲಿ ಕೂತು, ಆಟಕ್ಕಿಂತ ಹೆಚ್ಚಾಗಿ ಕ್ಯಾರನ್‌ಳನ್ನು ಗಮನಿಸುತ್ತಿದ್ದೆ. ಆಟ ಅರ್ಧ ದಾಟಿದಾಗ ಸಹನಾಳ ತಂಡ ಒಂದು ಓಟ ಮುಂದಿತ್ತು. ಆಗ ಕ್ಯಾರನ್ ಅವಳನ್ನು ಹೊರಗೆ ಕರೆದಳು. ಇನ್ನೂ ಆಡುತ್ತೇನೆಂದು ಸಹನಾ ಕೈಮುಗಿಯುವುದೊಂದು ಬಾಕಿ. ಕ್ಯಾರನ್ ಇಲ್ಲವೆಂದು ತಲೆಯಾಡಿಸಿ, ಅವಳ ಕೈಯಿಂದ ಚೆಂಡು ತೆಗೆದು ಇನ್ನೊಬ್ಬಳಿಗೆ ಕೊಟ್ಟಳು. ತಂಡ ಸೋತಿತು.

"ಗೆಲ್ಲೋ ಮ್ಯಾಚ್ ಕಳಕೊಂಡ್ಳು ನೋಡು," ಎಂದು ಗುರುಮಾಮ ಟೊಪ್ಪಿಗೆ ತೆಗೆದು ತೊಡೆಗೆ ಬಡಿದ. "ಪಿಚರ್ ಇನ್ನೂ ಫ್ರೆಶ್ ಇದ್ಲು," ಎಂದ ಇಮ್ತಿಯಾಜ್. ಜೀವಮಾನದಲ್ಲಿ ಮೊದಲ ಸಲ ಅವರಿಬ್ಬರೂ ಒಂದೇ ಮಾತಿಗೆ ಬಂದಿದ್ದರು.

ಸಹನಾ ನನ್ನ ಪಕ್ಕಕ್ಕೆ ಬಂದು, ಯಾರ ಕಡೆಗೂ ನೋಡದೆ ಕೂತಳು. ಸ್ವಲ್ಪ ಹೊತ್ತಿಗೆ ಕ್ಯಾರನ್ ಟವೆಲ್ಲಿನಲ್ಲಿ ಸುತ್ತಿದ ಮಂಜಿನ ಗಡ್ಡೆ ತಂದು ಹುಡುಗಿಯ ಭುಜದ ಮೇಲೆ ಒತ್ತಿ ಹಿಡಿದು ನಿಂತಳು. ಸಹನಾ ಭುಜವನ್ನು ಎಳೆದುಕೊಳ್ಳಲಿಲ್ಲ. ಸೋತ ಕೋಚಿಗೆ ಕೂರಲು ಬೆಂಚಿನಲ್ಲಿ ಜಾಗವಿರಲಿಲ್ಲ. ನಾನು ಸೆರಗು ಸಾವರಿಸಿಕೊಂಡು ಆಚೆಗೆ ಸರಿದೆ. ನನ್ನ ಸಂಶಯ ಪೂರ್ತಿ ಹೋಯಿತು ಎಂದು ಬರೆದರೆ ನಿಮಗೆ ಸುಳ್ಳು ಹೇಳಿದ ಹಾಗಾಗುತ್ತದೆ. ಒಬ್ಬರು ಕೂರುವಷ್ಟು ಜಾಗವನ್ನು ಅದು ಬಿಟ್ಟುಕೊಟ್ಟಿದೆ, ಅಷ್ಟೆ.