ಅರ್ಧ ಸುತ್ತು

ಶುಕ್ರವಾರ ಹಚ್ಚುವ ದೀಪಗಳನ್ನು ಗುರುವಾರ ಮಧ್ಯಾಹ್ನವೇ ಉಜ್ಜಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಮೊನ್ನೆಯೂ ಹಿತ್ತಿಲ ಕಲ್ಲಿನ ಮುಂದೆ ಕೂತು, ಹುಣಸೆಹಣ್ಣಿಗೆ ಒಂದಿಷ್ಟು ಬೂದಿ ಸೇರಿಸಿ, ಒಂದು ದೀಪದ ಕಂಬವನ್ನು ಮುಗಿಸಿ ಇನ್ನೊಂದರ ಕತ್ತಿನವರೆಗೆ ಬಂದಿದ್ದೆ. ಆಗ ನಮ್ಮ ಯಜಮಾನರು ಒಂದು ಕಾಗದ ಹಿಡಿದುಕೊಂಡು ನೇರ ಹಿತ್ತಿಲಿಗೇ ಬಂದರು. ಅವರು ಹಿತ್ತಿಲಿಗೆ ಬರುವವರಲ್ಲ. ಬಂದರೆ ಕನ್ನಡಕ ಹುಡುಕಿಕೊಂಡು ಬರಬೇಕು.

"ಕಾರು ಬದುಕಿದೆ ಕಣೇ," ಅಂದರು.

ಯಾವ ಕಾರು ಎಂದು ನಾನು ಕೇಳಲಿಲ್ಲ. ನಮ್ಮ ಜನ್ಮಕ್ಕೆಲ್ಲ ಇದ್ದದ್ದು ಒಂದೇ ಕಾರು. ಅದನ್ನು ಎಷ್ಟೋ ವರ್ಷದ ಹಿಂದೆ ಚಿಕ್ಕಮಗಳೂರಿನ ಡಾಕ್ಟರೊಬ್ಬರಿಗೆ ಕೊಟ್ಟಿದ್ದೆವು. ಈಗ ಅವರ ಮಗ ಬರೆದಿದ್ದ. ಅಪ್ಪ ಕೊಂಡ ಕಾರನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ್ದೇನೆ, ಸಮ ರಸ್ತೆಯಲ್ಲಿ ಓಡುತ್ತದೆ, ಏರು ಬಂದರೆ ಕೆಮ್ಮುತ್ತದೆ. ಇದಕ್ಕೆ ಎರಡು ಕಾರ್ಬೊರೇಟರ್ ಕೂರಿಸಿದವರು ತಾವಂತೆ, ಆಗಲೂ ಇಂಥದ್ದೇ ತೊಂದರೆ ಬಂದು ತಾವೇ ಸರಿ ಮಾಡಿದಿರಂತೆ. ಹೇಗೆಂದು ದಯವಿಟ್ಟು ತಿಳಿಸಬೇಕು.

"ಇವತ್ತೇ ಬರೆದು ಹಾಕ್ತೀನಿ," ಎಂದು ಅವರು ಒಳಗೆ ಹೋದರು. ನನ್ನ ಕೈ ದೀಪದ ಕತ್ತಿನಲ್ಲೇ ನಿಂತಿತು. ಆ ಕಾರು ಹೇಗೆ ಸರಿಹೋಯಿತು ಎಂಬುದು ಈ ಲೋಕದಲ್ಲಿ ನನಗೊಬ್ಬಳಿಗೆ ಗೊತ್ತು, ಇನ್ನು ಅರಸೀಕೆರೆ ಹತ್ತಿರದ ಮಾಲೇಕಲ್ಲು ತಿರುಪತಿ ಬೆಟ್ಟದ ವೆಂಕಟರಮಣನಿಗೆ ಗೊತ್ತು. ಇಷ್ಟು ವರ್ಷ ನಾವಿಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಸೈಕಲ್ಲನ್ನೂ ಹತ್ತದ ಹೆಂಗಸು ಎಂಜಿನ್ನಿನ ವಿಷಯ ಬರೆಯಲು ಕೂತಿದ್ದಾಳೆ ಎಂದು ನೀವು ನಗುವುದಾದರೆ ಈಗಲೇ ನಕ್ಕುಬಿಡಿ. ಮುಂದೆ ನಗಲು ಇನ್ನೂ ಬೇಕಾದಷ್ಟಿದೆ.

ಆಗ ಇವರು ಬೇಲೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎಂಜಿನಿಯರಿಂಗಿಗೆ ಸೀಟು ಸಿಕ್ಕಿದ ವರ್ಷವೇ ನಮ್ಮ ಮಾವನವರು ತೀರಿಕೊಂಡಿದ್ದರು. ಆ ಮಾತನ್ನು ಇವರು ಯಾರ ಮುಂದೆಯೂ ಆಡಿದವರಲ್ಲ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾವ ಬಸ್ಸಿನ ಮೂತಿಯ ಮುಚ್ಚಳ ತೆಗೆದಿದ್ದರೂ ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಡುತ್ತಿದ್ದರು. ನಮ್ಮ ಮನೆಗೆ ಬದನೆಕಾಯಿ ಯಾವಾಗಲೂ ಬಾಡಿಯೇ ಬರುತ್ತಿತ್ತು. ಹೀಗಿರುವಾಗ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ನಿಂತ. ಅವನ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದ ಒಂದು ರೇಸಿನ ಕಾರು ಇತ್ತು. ಹಳೇ ಕಬ್ಬಿಣದ ಬೆಲೆಗೆ ಅದು ನಮ್ಮ ಮನೆಗೆ ಬಂತು.

ಎರಡೇ ಸೀಟು. ತಲೆಯ ಮೇಲೆ ಆಕಾಶ. ಬಾಗಿಲು ನನ್ನ ಮೊಣಕಾಲಿನೆತ್ತರ. ಒಳಗೆ ಕೂತರೆ ಬಚ್ಚಲ ಹಂಡೆಯಲ್ಲಿ ಇಳಿದು ಕೂತ ಹಾಗೆ. "ಮಳೆ ಬಂದರೆ?" ಎಂದು ಕೇಳಿದೆ. "ಜೋರಾಗಿ ಓಡಿಸಿದರೆ ಮಳೆ ಹಿಂದಕ್ಕೆ ಹಾರಿಹೋಗುತ್ತೆ," ಅಂದರು. ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ನಂಬಬೇಕಲ್ಲ, ನಂಬಿದೆ.

ಅದು ಹೇಗೋ ಓಡುತ್ತಿತ್ತು. ಓಡುತ್ತಿದ್ದದ್ದನ್ನು ಹಾಗೇ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಇವರು ಬೆಂಗಳೂರಿಗೆ ಹೋದವರು ಗುಜರಿಯಿಂದ ಇನ್ನೊಂದು ಕಾರ್ಬೊರೇಟರ್ ತಂದರು. ಅದೆಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಊಡಿಸುವ ಚೊಂಬಿನಂಥ ಸಾಮಾನು. ಒಂದರ ಬದಲು ಎರಡಿದ್ದರೆ ಕಾರಿಗೆ ಬಲ ಹೆಚ್ಚಂತೆ. "ಒಂದಿರೋದೇ ಚೆನ್ನಾಗಿದೆಯಲ್ರೀ," ಎಂದೆ. "ಒಂದೊಲೆ ಅಡುಗೆಗೂ ಎರಡೊಲೆ ಅಡುಗೆಗೂ ವ್ಯತ್ಯಾಸ ಇಲ್ವೇನೇ?" ಅಂದರು. ನನಗೆ ತಿಳಿಯುವ ಮಾತಿನಲ್ಲಿ ಹೇಳಿದ್ದೇ ತಪ್ಪಾಯಿತು. ಅಲ್ಲಿಂದ ನಾನೂ ಆ ಕಾರಿನ ಪಾಲುದಾರಳಾದೆ.

ಬಸ್ ಸ್ಟ್ಯಾಂಡಿನ ಮೆಕ್ಯಾನಿಕ್ ಪುಟ್ಟಸ್ವಾಮಿಯನ್ನು ಕಟ್ಟಿಕೊಂಡು, ತಿಂಗಳುಗಟ್ಟಲೆ ಅರ ಹಾಕಿ ಉಜ್ಜಿ, ಎರಡನ್ನೂ ಪಕ್ಕಪಕ್ಕ ಕೂರಿಸಿದರು. ಕಾಲಡಿಯ ಪೆಡಲ್ ಒತ್ತಿದರೆ ಎರಡರ ಬಾಯೂ ಒಟ್ಟಿಗೆ ತೆರೆಯುವಂತೆ ನಡುವೆ ಒಂದು ಕಡ್ಡಿ ಹಾಯಿಸಿದರು. ನಾಳೆ ಹಳೇಬೀಡಿನವರೆಗೆ ಓಡಿಸಿ ನೋಡುವುದು ಎಂದು ನಿಶ್ಚಯವಾಯಿತು.

ಹಿಂದಿನ ಸಂಜೆ ನಾನು ನನ್ನ ಪಾಲಿನ ಕೆಲಸ ಮಾಡಿದೆ. ನಾಲ್ಕಾಣೆಯ ಒಂದು ಪಾವಲಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ವೆಂಕಟರಮಣನ ಹೆಸರಿನಲ್ಲಿ ಮುಡಿಪು ಕಟ್ಟಿದೆ. ಅಂದುಕೊಂಡ ಕೆಲಸ ಆದ ಮೇಲೆ ಬಿಚ್ಚಿ ದೇವರಿಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಬಿಚ್ಚಬಾರದು. ನನ್ನ ತವರಿನಲ್ಲಿ ಹಸು ಗಬ್ಬವಾಗದಿದ್ದರೆ ಅದರ ಕೊರಳಿಗೇ ಮುಡಿಪು ಕಟ್ಟುತ್ತಿದ್ದರು. ಕಾರಿಗೆ ಕೊರಳೆಲ್ಲಿ? ಕಣ್ಣಿಗೆ ಬೀಳುವ ಕಡೆ ಕಟ್ಟಿದರೆ ಮೇಷ್ಟ್ರು ನಗುತ್ತಾರೆ. ಮುಚ್ಚಳ ಎತ್ತಿ ಹುಡುಕಿದೆ. ಎರಡನೆಯ ಕಾರ್ಬೊರೇಟರಿನ ಹಿಂಬದಿಯಲ್ಲಿ, ಬೆರಳಿನಷ್ಟು ಉದ್ದದ ಒಂದು ಸಣ್ಣ ಕಡ್ಡಿ ಯಾವ ಕೆಲಸವೂ ಇಲ್ಲದೆ ಸುಮ್ಮನೆ ಚಾಚಿಕೊಂಡಿತ್ತು. ಗೂಟದಂತೆ ಅನುಕೂಲವಾಗಿದೆ ಎಂದುಕೊಂಡು, ಅದನ್ನೂ ಪಕ್ಕದ ಕೊಳವೆಯನ್ನೂ ಸೇರಿಸಿ ಮೂರು ಗಂಟು ಬಿಗಿದೆ.

ಮಾರನೆಯ ದಿನ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಏರಿನಲ್ಲಿ ಕಾರು ಕೆಮ್ಮಿತು. ಇವರು ಪೆಡಲ್ ಒತ್ತಿದಷ್ಟೂ ಡಬ್ ಡಬ್ ಎಂದು ಕರಿಹೊಗೆ ಬಿಟ್ಟು ನಿಂತೇ ಹೋಯಿತು. ದೇವಸ್ಥಾನ ನೋಡಲು ಬಂದವರೆಲ್ಲ ಗುಡಿ ಬಿಟ್ಟು ನಮ್ಮನ್ನು ನೋಡಿದರು. ಅವರಿಗೆ ಶಿಲ್ಪ ವಿವರಿಸುತ್ತಿದ್ದವನು ಬೆತ್ತ ಚಾಚಿ, "ಇದು ಹೊಯ್ಸಳರ ಕಾಲದ್ದಲ್ಲ ಸ್ವಾಮಿ, ಆದ್ರೂ ಭಗ್ನವಾಗಿದೆ," ಅಂದ. ಹೊಲದಿಂದ ಬಂದ ಗೌಡನೊಬ್ಬ ಕಾರನ್ನು ಒಂದು ಸುತ್ತು ಹಾಕಿ, "ಏನ್ ಮೇಷ್ಟ್ರೇ, ಹುಲ್ಲು ಹಾಕಿರ್ನಿಲ್ವಾ?" ಎಂದು ಕೇಳಿದ. ಆಮೇಲೆ ಅವನಿಗೇ ಪಾಪ ಅನ್ನಿಸಿತೇನೋ. "ಬುಡಿ, ನಮ್ ಜೋಡೆತ್ತು ಐತೆ. ಎಳ್ಕಂಡ್ ಹೋಗಿ ಬುಟ್ಟು ಬತ್ತೀನಿ."

ಹಳೇಬೀಡಿನಿಂದ ಬೇಲೂರಿನವರೆಗೆ ರೇಸಿನ ಕಾರಿನಲ್ಲಿ ಎತ್ತಿನ ಬಾಲ ನೋಡುತ್ತ ಬಂದ ದಂಪತಿಗಳು ನಾವೇ ಇರಬೇಕು. ಪೇಟೆಯಲ್ಲಿ ವಿದ್ಯಾರ್ಥಿಗಳು ನಿಂತು ಕೈಮುಗಿದರು. ಮೇಷ್ಟ್ರಿಗೋ ಎತ್ತಿಗೋ ತಿಳಿಯಲಿಲ್ಲ. ಮಳೆಯೊಂದು ಬರಲಿಲ್ಲ, ಅದೇ ಪುಣ್ಯ.

ಅಲ್ಲಿಂದ ಶುರುವಾಯಿತು ಚಿಕಿತ್ಸೆ. ಪ್ಲಗ್ ಬದಲಾಯಿಸಿದರು. ಪೆಟ್ರೋಲಿನಲ್ಲಿ ಕಸವಿದೆಯೆಂದು ನನ್ನ ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿದರು. ನಾಲ್ಕು ದಿನ ಮನೆಯ ಕಾಫಿ ಬಸ್ಸಿನ ವಾಸನೆ ಹೊಡೆಯಿತು. ಕಾರ್ಬೊರೇಟರಿನ ಸಣ್ಣ ತೂತು ಕಟ್ಟಿದೆಯೆಂದು ನನ್ನ ಸ್ಟವ್ ಪಿನ್ನು ಹೋಯಿತು. ಗಾಳಿ ಸೋರುತ್ತಿದೆಯೆಂದು ನನ್ನ ಹಳೇ ಸೀರೆ ಹರಿದು, ಸೋಪು ಮೆತ್ತಿ, ಸಂದುಸಂದಿಗೂ ಪಟ್ಟಿ ಕಟ್ಟಿದರು. ಅಷ್ಟೊಂದು ಪಟ್ಟಿಗಳ ಸಂತೆಯಲ್ಲಿ ನನ್ನ ಮುಡಿಪೂ ಮಸಿ ಹಿಡಿದು ಇನ್ನೊಂದು ಪಟ್ಟಿಯಂತೆ ಕೂತಿತ್ತು. ಪುಟ್ಟಸ್ವಾಮಿ ಬಂದು ನೋಡಿ ತಲೆ ಕೆರೆದುಕೊಂಡ. "ಜೋಡಿ ಹೆಂಡ್ರ ಸಂಸಾರ ಮೇಷ್ಟ್ರೇ. ಒಬ್ಬಳು ಉಣ್ತಾಳೆ, ಇನ್ನೊಬ್ಬಳು ಮುನಿಸ್ಕತಾಳೆ."

ನಾನು ಸುಮ್ಮನಿದ್ದೆನೇ? ಒಂದು ಪಾವಲಿ ಸಾಲದೆಂದು ದೇವರ ಮನಸ್ಸಿನಲ್ಲಿರಬಹುದು ಎಂದುಕೊಂಡು ಅದೇ ಗಂಟಿನ ಮೇಲೆ ಇನ್ನೊಂದು ಪಾವಲಿ ಕಟ್ಟಿದೆ. ಮಾಲೇಕಲ್ಲನ್ನು ಬರಿಗಾಲಲ್ಲಿ ಹತ್ತುತ್ತೇನೆಂದೆ. ಆಮೇಲೆ ಮೂರನೆಯದು ಕಟ್ಟಿ, ಹನಿ ನೀರು ಕುಡಿಯದೆ ಹತ್ತುತ್ತೇನೆಂದೆ. ಗಂಟು ನಿಂಬೆಹಣ್ಣಿನ ಗಾತ್ರವಾಯಿತು. ಮೊದಲು ಏರಿನಲ್ಲಿ ಮಾತ್ರ ಕೆಮ್ಮುತ್ತಿದ್ದ ಕಾರು ಈಗ ಸಮ ರಸ್ತೆಯಲ್ಲೂ ಕೆಮ್ಮತೊಡಗಿತು. ಹರಕೆ ಹೆಚ್ಚಿದಂತೆ ಕಾಯಿಲೆ ಹೆಚ್ಚುತ್ತಿದೆಯಲ್ಲ ಎಂದು ಆಗಲಾದರೂ ನನಗೆ ಹೊಳೆಯಬೇಡವೇ? ದೇವರು ಪರೀಕ್ಷೆ ಮಾಡುತ್ತಿದ್ದಾನೆ ಎಂದು ನಾನು. ತಮ್ಮ ಕೈಗುಣವೇ ಸರಿಯಿಲ್ಲ ಎಂದು ಇವರು.

ಅಷ್ಟರಲ್ಲಿ ಎತ್ತಿನ ಮೆರವಣಿಗೆಯ ಸುದ್ದಿ ಅರಸೀಕೆರೆ ಮುಟ್ಟಿ, ಅಲ್ಲಿ ರೈಲ್ವೆಯಲ್ಲಿದ್ದ ನಮ್ಮ ಭಾವನವರು, ಇವರ ಅಣ್ಣ, ಬಸ್ಸಿನಲ್ಲಿ ಬಂದಿಳಿದರು. ಊಟಕ್ಕೆ ಕೂತವರು ಸಾರನ್ನ ಕಲಸುತ್ತ ಹೇಳಿದರು: "ನೋಡೋ, ಬರೋ ಭಾನುವಾರ ಅರಸೀಕೆರೆಗೆ ಬಾ. ನಿನ್ನ ಕಾರು ತಾನಾಗೇ ನನ್ನ ಮನೆ ಬಾಗಿಲಿಗೆ ಬಂದರೆ ಇಟ್ಕೋ, ನಾನು ತುಟಿ ಬಿಚ್ಚಲ್ಲ. ಎತ್ತು ಕಟ್ಕೊಂಡು ಬಂದರೆ ಅಲ್ಲೇ ಮಾರಿಬಿಡು. ಮೇಷ್ಟ್ರಾದವನು ಬೋರ್ಡಿನ ಮುಂದೆ ನಿಂತ್ಕೋಬೇಕು, ಎಂಜಿನ್ ಕೆಳಗೆ ಮಲಗಬಾರದು."

"ಆಗಲಿ ಅಣ್ಣ," ಅಂದರು ಇವರು. "ಬರದಿದ್ದರೆ ಕಾರೂ ಮಾರ್ತೀನಿ, ನನ್ನ ಸಾಮಾನಿನ ಪೆಟ್ಟಿಗೆನೂ ಪುಟ್ಟಸ್ವಾಮಿಗೆ ಕೊಟ್ಟುಬಿಡ್ತೀನಿ."

ಒಲೆಯ ಮುಂದೆ ನನ್ನ ಸೌಟು ನಿಂತಿತು. ಆ ಪೆಟ್ಟಿಗೆ ಸೀಟು ಸಿಕ್ಕಿದ ವರ್ಷ ಇವರು ಕೊಂಡದ್ದು. ಕಾರು ಹೋದರೆ ಹೋಗಲಿ, ಪೆಟ್ಟಿಗೆ ಹೋದ ಮೇಲೆ ಈ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವುದನ್ನೂ ಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಬದನೆಕಾಯಿ ಬಾಡದೆ ಮನೆಗೆ ಬರುವ ದಿನ ನೆನೆದು ಭಯವಾಯಿತು.

ಭಾನುವಾರ ಬೆಳಿಗ್ಗೆ ಇವರು ಎರಡನೆಯ ಕಾರ್ಬೊರೇಟರಿನ ಒಂದು ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದರು. ಇಷ್ಟು ದಿನ ಮುಟ್ಟದೆ ಉಳಿದದ್ದು ಅದೊಂದೇ. "ನಿನ್ನ ಊದುಕೊಳವೆ ತಾ," ಅಂದರು. "ಹಾಲು ಉಕ್ಕೋದು ಜಗಲಿಯಿಂದಲೇ ಗೊತ್ತಾಗುತ್ತೆ ನಿನಗೆ. ಒಂದು ತುದಿ ಕಾರ್ಬೊರೇಟರಿನ ಬಾಯಿಗಿಡು, ಇನ್ನೊಂದು ತುದಿ ಕಿವಿಗೆ. ನಾನು ಪೆಡಲ್ ಒತ್ತುತ್ತೀನಿ. ಎರಡೂ ಒಂದೇ ಸಮ ಬುಸುಗುಡಬೇಕು."

ಮೊದಲನೆಯದಕ್ಕೆ ಇಟ್ಟೆ. ಪೆಡಲ್ ಒತ್ತಿದಂತೆ ಬುಸ್ಸೆಂದು ಏರಿತು. ಎರಡನೆಯದಕ್ಕೆ ಇಟ್ಟೆ. ಉಬ್ಬಸದ ಮುದುಕಿಯ ಹಾಗೆ ಒಂದೇ ಸಮ ಸುಯ್ಯೆನ್ನುತ್ತಿತ್ತು, ಏರಲೇ ಇಲ್ಲ. ಯಾಕಪ್ಪಾ ಎಂದು ಇನ್ನಷ್ಟು ಬಗ್ಗಿದೆ. ಕಣ್ಣೆದುರಿಗೇ ನನ್ನ ನಿಂಬೆಹಣ್ಣಿನ ಗಾತ್ರದ ಭಕ್ತಿ. ಆ ಕೆಲಸವಿಲ್ಲದ ಕಡ್ಡಿ ಎಂದುಕೊಂಡೆನಲ್ಲ, ಅದು ಪ್ರತಿ ಸಲ ಪೆಡಲ್ ಒತ್ತಿದಾಗಲೂ ತಿರುಗಲು ಹೆಣಗುತ್ತಿತ್ತು. ಎರಡನೆಯದರ ಬಾಯಿ ತೆರೆಯುವ ಕಡ್ಡಿಯೇ ಅದು. ನನ್ನ ಗಂಟು ಅದನ್ನು ಕೊಳವೆಗೆ ಬಿಗಿದು ಹಿಡಿದಿತ್ತು.

ಬಿಚ್ಚೋಣವೆಂದರೆ ಕೆಲಸ ಆಗುವ ಮೊದಲು ಮುಡಿಪು ಬಿಚ್ಚಬಾರದು. ಬಿಚ್ಚದಿದ್ದರೆ ಕೆಲಸ ಆಗುವುದಿಲ್ಲ. ಇಂಥ ಸಂಕಟಕ್ಕೆ ಯಾವ ಪುರೋಹಿತರನ್ನು ಕೇಳುವುದು? "ಎಂಜಿನ್ ನಿಲ್ಲಿಸಿ ಒಂದು ಗಳಿಗೆ, ಕಿವಿ ಗುಂಯ್ ಅಂತಿದೆ," ಎಂದು ಸುಳ್ಳು ಹೇಳಿದೆ. ಗಲ್ಲ ಬಡಿದುಕೊಂಡು, "ವೆಂಕಟರಮಣ, ಹರಕೆ ನಿನ್ನದೇ, ಕಟ್ಟಿದ ಜಾಗ ಮಾತ್ರ ನನ್ನ ದಡ್ಡತನ," ಎಂದು ಹೇರ್‌ಪಿನ್ನಿನಿಂದ ಗಂಟು ಸಡಿಲಿಸಿ ಮುಡಿಪನ್ನು ಸೊಂಟಕ್ಕೆ ಸಿಕ್ಕಿಸಿದೆ. "ಈಗ ಹಾಕಿ."

ಎರಡೂ ಬುಸುಗುಟ್ಟಿದವು. ಬೀದಿಯ ಕೋಳಿಗಳು ದಿಕ್ಕಾಪಾಲಾದವು.

"ಒಂದೇ ಸಮ ಇದೆ," ಎಂದೆ.

ಇವರು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು. "ಅರ್ಧ ಸುತ್ತು," ಅಂದರು. "ಬರೀ ಅರ್ಧ ಸುತ್ತು ಕಣೇ, ಇಷ್ಟು ದಿನ." ಆ ಮುಖ ನೋಡಿ ಬಾಯಿ ಬಿಡಲು ನನ್ನಿಂದಾಗಲಿಲ್ಲ. ನಿಮ್ಮಿಂದ ಆಗುತ್ತಿತ್ತೇ?

ಬಸ್ತಿಹಳ್ಳಿಯ ಏರನ್ನು ಕಾರು ಇಳಿಜಾರಿನಂತೆ ದಾಟಿತು. ಅರಸೀಕೆರೆಯಲ್ಲಿ ಭಾವನವರು ಬಾಗಿಲಿಗೆ ಬಂದು, ಕಾರಿನ ಮುಂದೆ ನೋಡಿದರು, ಹಿಂದೆ ನೋಡಿದರು. "ಎತ್ತೆಲ್ಲೋ?" ಅಂದರು. ಊಟಕ್ಕೆ ಕೂತಾಗ ಓರಗಿತ್ತಿ, "ಇದೇನೇ ನಿನ್ನ ಕೈಯೆಲ್ಲ ಕಪ್ಪು?" ಅಂದಳು. "ಒಲೆ ಮಸಿ ಅಕ್ಕ," ಎಂದೆ. ಇವರು ಎದುರಿನ ಸಾಲಿನಲ್ಲಿ ಎಲೆ ನೋಡುತ್ತ ಉಣ್ಣುತ್ತಿದ್ದರು. ಮಾರನೆಯ ಬೆಳಿಗ್ಗೆ ಮಾಲೇಕಲ್ಲನ್ನು ಬರಿಗಾಲಲ್ಲಿ, ಗಂಟಲೊಣಗಿಸಿಕೊಂಡು ಹತ್ತಿದೆ. ಇವರು ನೀರಿನ ಚೊಂಬು ಹಿಡಿದು ಹಿಂದೆ ಹಿಂದೆ ಬಂದರು. ಕುಡಿ ಎನ್ನಲಿಲ್ಲ, ಯಾವ ಹರಕೆ ಎಂದೂ ಕೇಳಲಿಲ್ಲ. ಕೇಳದಿದ್ದದ್ದೇ ಪುಣ್ಯ ಎಂದುಕೊಂಡೆ. ಮೂರು ಪಾವಲಿಗಳು ಗ್ರೀಸಿನ ಬಟ್ಟೆಯಲ್ಲೇ ಹುಂಡಿಗೆ ಬಿದ್ದವು. ದೇವರು ಸ್ವೀಕರಿಸಿದ. ಅವನಿಗೆ ಎಂಥೆಂಥವರ ಕೈಯಿಂದಲೋ ತೆಗೆದುಕೊಂಡು ಅಭ್ಯಾಸ.

ಮಗು ಹುಟ್ಟಿ ಎರಡು ಸೀಟು ಸಾಲದಾಗುವವರೆಗೂ ಕಾರು ಓಡಿತು. ಕೇಳಿದವರಿಗೆಲ್ಲ ಇವರು ಅರ್ಧ ಸುತ್ತಿನ ಕಥೆ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಆದರೆ ಈಗ ಚಿಕ್ಕಮಗಳೂರಿನಲ್ಲಿ ಒಬ್ಬ ನಿಜವಾಗಿ ಸ್ಕ್ರೂ ತಿರುಗಿಸುತ್ತ ಕೂರುತ್ತಾನೆ. ನನ್ನ ಮೌನದಿಂದ ಅವನೇಕೆ ಎತ್ತು ಹುಡುಕಬೇಕು? ಹುಣಸೆಯ ಕೈಯಲ್ಲೇ ಒಳಗೆ ಹೋದೆ.

"ರೀ, ಒಂದು ಮಾತು ಹೇಳಬೇಕಿತ್ತು."

"ಹೇಳುವೆಯಂತೆ. ಮೊದಲು ಇದನ್ನ ಓದು, ಅರ್ಥವಾಗುತ್ತಾ ನೋಡು," ಎಂದು ಕಾಗದ ಮುಂದೆ ಹಿಡಿದರು.

ಬರೆದಿತ್ತು: "ಪ್ಲಗ್ಗು ಮುಂತಾದದ್ದನ್ನು ಆಮೇಲೆ ನೋಡಿ. ಎರಡನೆಯ ಕಾರ್ಬೊರೇಟರಿನ ಹಿಂದೆ ಬೆರಳಿನಷ್ಟು ಒಂದು ಕಡ್ಡಿಯಿದೆ. ಅದು ಪೂರ್ತಿ ತಿರುಗುತ್ತದೆಯೇ, ಏನಾದರೂ ತಡೆಯುತ್ತಿದೆಯೇ, ಅದನ್ನು ಮೊದಲು ನೋಡಿ. ಮನೆಯಲ್ಲಿ ನಿಮಗಾಗಿ ಹರಕೆ ಹೊರುವವರು ಇದ್ದರೆ ತಪ್ಪದೆ ನೋಡಿ. ಸಿಕ್ಕಿದರೆ ಕೋಪ ಮಾಡಿಕೊಳ್ಳಬೇಡಿ."

ನಾನು ಅಲ್ಲೇ ಕಂಬಕ್ಕೊರಗಿ ಕೂತೆ. "ಯಾವಾಗ ಗೊತ್ತಾಯ್ತು?"

"ಅವತ್ತೇ. ಊದುಕೊಳವೆ ಕಿವಿಗಿಟ್ಟುಕೊಂಡವಳ ಬೆರಳಿಗೆಲ್ಲ ಗ್ರೀಸ್ ಯಾಕಾಗುತ್ತೆ? ಅಣ್ಣನ ಮನೇಲಿ ಊಟ ಆದ ಮೇಲೆ ಮುಚ್ಚಳ ತೆಗೆದು ನೋಡಿದೆ. ಕಡ್ಡಿಗೆ ಅರಿಶಿನ ಹತ್ತಿತ್ತು."

"ಮತ್ತೆ ಅರ್ಧ ಸುತ್ತು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗಿದಿರಲ್ಲ."

"ಇನ್ನೇನು ಹೇಳಲಿ? ಮುಡಿಪು ಅಂದಿದ್ದರೆ ಅಣ್ಣ ನಿನ್ನನ್ನ ಸಾಯೋವರೆಗೂ ಬಿಡ್ತಿದ್ನಾ?"

ಅದು ನಿಜ. ಭಾವನವರು ಎತ್ತಿನ ಮಾತನ್ನೇ ಹನ್ನೆರಡು ಹಬ್ಬಗಳಲ್ಲಿ ಆಡಿದ್ದರು.

"ಆ ಅರ್ಧ ಸುತ್ತನ್ನೂ ಬರೀರಿ," ಎಂದೆ.

"ಅದರಿಂದ ಏನೂ ಆಗಿರಲಿಲ್ಲ ಕಣೇ."

"ಹೇಗೆ ಆಗಿರಲಿಲ್ಲ? ಅದನ್ನ ತಿರುಗಿಸಿದ್ದಕ್ಕೇ ತಾನೇ ಊದುಕೊಳವೆ ತಾ ಅಂತ ನನ್ನ ಕರೆದದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಂಡರು, ಒಂದು ಸಾಲು ಸೇರಿಸಿದರು.

ಹಿತ್ತಿಲಿಗೆ ಬಂದು ನೋಡಿದರೆ ಹುಣಸೆ ಒಣಗಿ ದೀಪದ ಕತ್ತಿಗೆ ಅಂಟಿಕೊಂಡಿತ್ತು. ನೀರು ಚಿಮುಕಿಸಿ ಮೊದಲಿಂದ ಉಜ್ಜಿ, ಎರಡು ಕಂಬಗಳನ್ನೂ ತೊಳೆದು ಬಿಸಿಲಿಗೆ ಬೋರಲಿಟ್ಟೆ. ಆಮೇಲೆ ಹತ್ತಿ ಬಿಡಿಸಿಕೊಂಡು ಬತ್ತಿ ಹೊಸೆಯಲು ಕೂತೆ.